ಗೊಬ್ಬರ ಹಾಕದ ತಾಕು

ನಮ್ಮತ್ತೆ ಈ ಲೋಕದಲ್ಲಿ ಪೂರ್ತಿಯಾಗಿ ನಂಬಿದ್ದು ಎರಡು ಕೋಳಿಗಳನ್ನು ಮಾತ್ರ. ಡಾಕ್ಟರನ್ನು ನಂಬಲಿಲ್ಲ, ಪಂಡಿತರನ್ನು ನಂಬಲಿಲ್ಲ, ಅಚ್ಚಾಗಿ ಬಂದ ಪತ್ರಿಕೆಯನ್ನು ನಂಬಲಿಲ್ಲ. ಆ ಪತ್ರಿಕೆಯನ್ನು ಓದಿ ಹೇಳುತ್ತಿದ್ದ ಸೊಸೆಯ ವಿಷಯವನ್ನಂತೂ ಕೇಳಲೇಬೇಡಿ! ಈ ಮನೆಯಲ್ಲಿ ಕೋಳಿಗಿರುವ ಮರ್ಯಾದೆ ನನಗಿಲ್ಲ ಎಂದು ತವರಿಗೆ ಕಾಗದ ಬರೆದಿದ್ದೆ. ಅಪ್ಪ ಅದನ್ನು ಎಲ್ಲರಿಗೂ ಓದಿ ಹೇಳಿ ನಕ್ಕರಂತೆ. ಅವರಿಗೇನು, ನಗುತ್ತಾರೆ!

ನನ್ನ ತವರು ಬ್ಲಫ್, ಜಲಪಾತದ ನೀರಿನಿಂದ ಕರೆಂಟು ತೆಗೆಯುವ ಊರು. ಅಪ್ಪ ಅಲ್ಲಿ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದರು. ನಾನು ಸ್ವಿಚ್ಚು ಒತ್ತಿ ದೀಪ ಹಚ್ಚಿ ಬೆಳೆದವಳು, ಮಿಡ್ಲ್ ಸ್ಕೂಲು ಪಾಸಾದವಳು. ಮದುವೆಯಾಗಿ ಬಂದದ್ದು ಮದ್ದೂರು ಕಡೆಯ ಒಂದು ನಾಲೆ ಪಕ್ಕದ ಹಳ್ಳಿಗೆ, ಒಕ್ಕಲು ಮನೆಗೆ. ಮಾವ ತೀರಿಕೊಂಡಿದ್ದರು. ಗಂಡ, ಮೈದುನ, ಎತ್ತು, ಎಮ್ಮೆ, ಗದ್ದೆ ಎಲ್ಲಕ್ಕೂ ಅತ್ತೆಯೇ ಯಜಮಾನಿ. ನಾನು ಬಂದ ಹೊಸದರಲ್ಲಿ ಕರೆಂಟು ದೀಪದ ಜಂಬ ಕೊಚ್ಚಿದರೆ, ಅವರು ರಾಗಿ ಕೇರುತ್ತಾ, "ಅದು ಕೆಟ್ಟೋದ ದಿನ ಏನ್ ಮಾಡ್ತಿದ್ರವ್ವ?" ಎಂದರು. ಬುಡ್ಡಿ ದೀಪ ಹಚ್ಚುತ್ತಿದ್ದೆವು ಎಂದೆ. "ಅಂಗಾರೆ ನಮ್ಮನೇಲೂ ಅದೇ ಅದೆ, ಬುಡು" ಎಂದುಬಿಟ್ಟರು.

ಅಪ್ಪ ಓದಿ ಮುಗಿಸಿದ ಪತ್ರಿಕೆಗಳನ್ನು ಕಟ್ಟು ಕಟ್ಟಿ ಹದಿನೈದು ದಿನಕ್ಕೊಮ್ಮೆ ಮಳವಳ್ಳಿ ಬಸ್ಸಿನ ಕಂಡಕ್ಟರ ಕೈಲಿ ಕಳಿಸುತ್ತಿದ್ದರು. ಯುದ್ಧ ಶುರುವಾಗಿ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನಲ್ಲಿ ಓಡುವ ಕಾಲ ಬಂದ ಮೇಲೆ ಪತ್ರಿಕೆಗಳೂ ಮಸಿ ಬಳಿದುಕೊಂಡೇ ಬರುತ್ತಿದ್ದವು. ಅತ್ತೆಗೆ ಅಕ್ಷರ ಬಾರದು. ಮಧ್ಯಾಹ್ನ ಅವರೆಕಾಯಿ ಸುಲಿಯಲು ಕೂತಾಗ ನಾನು ಓದಬೇಕು. ಹಿಟ್ಲರನ ಸುದ್ದಿ ತೆಗೆದರೆ, "ಅವನ ಪಾಡು ಅವನಿಗೆ. ಮೈ ಇಚಾರ ಏನ್ ಬರ್ದವ್ರೆ, ಅದ ಓದು" ಎನ್ನುತ್ತಿದ್ದರು.

ಮೈ ವಿಚಾರಕ್ಕೇನು ಬರವೇ! ಕಾಫಿ ಕುಡಿದರೆ ನರ ಸತ್ತುಹೋಗುತ್ತದೆ ಎಂದು ಒಂದು ವಾರ, ಕಾಫಿ ಕುಡಿದರೆ ಬುದ್ಧಿ ಚುರುಕಾಗುತ್ತದೆ ಎಂದು ಇನ್ನೊಂದು ವಾರ. ಬಿಸಿಲಿಗೆ ಬೆನ್ನೊಡ್ಡಿದರೆ ಸಕಲ ರೋಗ ಮಾಯ ಎಂದು ಒಬ್ಬರು. (ಹೊತ್ತಾರೆಯಿಂದ ಬೈಗಿನ ತನಕ ಬಿಸಿಲಿಗೆ ಬೆನ್ನೊಡ್ಡಿ ನಾಟಿ ಹಾಕುವವರ ಊರಲ್ಲಿ ಇದನ್ನು ಗಟ್ಟಿಯಾಗಿ ಓದುವಾಗ ನನಗೇ ನಾಚಿಕೆಯಾಗುತ್ತಿತ್ತು.) ಲೇಹ್ಯದ ಜಾಹೀರಾತಿನ ಕೆಳಗೆ ವಾಸಿಯಾದವರ ಕಾಗದಗಳೂ ಇರುತ್ತಿದ್ದವು. ಯಾರಿಗೋ ಹತ್ತು ವರ್ಷದ ಕೀಲುನೋವು ಒಂದೇ ಡಬ್ಬಿಯಲ್ಲಿ ಹೋಯಿತಂತೆ ಎಂದು ನಾನು ಓದಿದೆ.

"ತಿಂದೂ ಓಗ್ದೆ ಇದ್ದೋರು ಏನ್ ಬರ್ದವ್ರೆ?"

"ಅವರು ಯಾಕೆ ಬರೀತಾರೆ ಅತ್ತೆಮ್ಮ?"

"ಅದ್ನೇ ಕಣವ್ವ ನಾನೂ ಕೇಳ್ತಿರದು. ವಾಸಿಯಾದೋನು ಕಾಗ್ದ ಬರೀತಾನೆ. ಆಗ್ದೆ ಇದ್ದೋನು ಮನಗವ್ನೆ. ಸತ್ತೋನಿಗೆ ಟಪಾಲು ಎಲ್ಲದೆ?"

ಮಿಡ್ಲ್ ಸ್ಕೂಲು ಪಾಸಾದ ನಾನು ಹಾಳೆ ತಿರುವಿ ಮುಂದಿನ ಜಾಹೀರಾತಿಗೆ ಹೋದೆ.

ಈ ಬುದ್ಧಿ ಅವರಿಗೆ ಎಲ್ಲಿಂದ ಬಂತು ಅಂದರೆ, ಗೊಬ್ಬರದಿಂದ. ನಾಲೆ ನೀರು ಬಂದ ಹೊಸದರಲ್ಲಿ ವ್ಯವಸಾಯದ ಇನ್ಸ್‌ಪೆಕ್ಟರೊಬ್ಬರು ಉಪ್ಪಿನಂತಿದ್ದ ಬಿಳಿ ಗೊಬ್ಬರ ತಂದು ನಮ್ಮ ಗದ್ದೆಯನ್ನೇ ಕೇಳಿಕೊಂಡರಂತೆ. ನಡುವೆ ಬದು ಹಾಕಿ ಎರಡು ತಾಕು ಮಾಡಿ, ಒಂದಕ್ಕೆ ಗೊಬ್ಬರ ಹಾಕಿ ಬಿಳಿ ಗೂಟ ನೆಟ್ಟರು. ಇನ್ನೊಂದಕ್ಕೆ ಏನೂ ಹಾಕದೆ ಕರಿ ಗೂಟ ನೆಟ್ಟರು. ಆ ತಾಕು ಏನು ಪಾಪ ಮಾಡಿತ್ತು, ಅದಕ್ಕೂ ಹಾಕಿ ಎಂದು ಅತ್ತೆ ಜಗಳಕ್ಕೆ ನಿಂತರಂತೆ. ಇನ್ಸ್‌ಪೆಕ್ಟರು, "ಎಲ್ಲಾ ಕಡೆ ಹಾಕಿದರೆ ಬೆಳೆ ಬಂದದ್ದು ಗೊಬ್ಬರದಿಂದಲೋ ನೀರಿನಿಂದಲೋ ಹೇಗೆ ತಿಳಿಯೋದು ಯಜಮಾನಿ? ಹಾಕದ ತಾಕು ಒಂದು ಇರಲೇಬೇಕು. ಅದು ಸೊರಗಿದರೆ ತಾನೇ ಇದರ ಗುಣ ಗೊತ್ತಾಗೋದು" ಎಂದರಂತೆ. ಗೊಬ್ಬರ ಗೆದ್ದಿತು. ಇನ್ಸ್‌ಪೆಕ್ಟರಿಗೆ ವರ್ಗವಾಯಿತು. ಅವರ ಮಾತು ಮಾತ್ರ ನಮ್ಮತ್ತೆಯ ತಲೆಯಲ್ಲಿ ಬೇರು ಬಿಟ್ಟಿತು. ಆಮೇಲೆ ಯಾರು ಏನೇ ಮದ್ದು ಹೊಗಳಲಿ, ಅವರದು ಒಂದೇ ಪ್ರಶ್ನೆ: "ಆಕದ ತಾಕು ಯಾವ್ದು?"

ಕೋಳಿಗಳು ಬಂದದ್ದು ಇಲ್ಲಿ. ಒಂದು ಸಲ ಸೈಕಲ್ಲಿನ ಮೇಲೆ ರಕ್ತವೃದ್ಧಿ ಪುಡಿ ಮಾರುವವನು ಬಂದು, ರುಚಿ ನೋಡಲು ಒಂದು ಡಬ್ಬಿ ಪುಕ್ಕಟೆ ಕೊಟ್ಟು ಹೋದ. ಅತ್ತೆ ಒಂದೇ ಕಾವಿನ ಎರಡು ಹ್ಯಾಟೆಕೋಳಿ ಹಿಡಿದು, ಒಂದರ ಕಾಲಿಗೆ ಬಿಳಿ ದಾರ, ಇನ್ನೊಂದರ ಕಾಲಿಗೆ ಕರಿ ದಾರ ಕಟ್ಟಿದರು. ಬಿಳಿ ದಾರದ್ದಕ್ಕೆ ನುಚ್ಚಿನ ಜೊತೆ ಪುಡಿ, ಕರಿ ದಾರದ್ದಕ್ಕೆ ಬರೀ ನುಚ್ಚು. ಬೀಸುವ ಕಲ್ಲಿನ ಹಿಂದಿನ ಕೆಮ್ಮಣ್ಣಿನ ಗೋಡೆಯ ಮೇಲೆ ದಿನಕ್ಕೆ ಎರಡು ಬೊಟ್ಟು: ಪುಡಿ ತಿಂದದ್ದಕ್ಕೆ ಸುಣ್ಣದ್ದು, ತಿನ್ನದ್ದಕ್ಕೆ ಇದ್ದಲಿನದು. ನಲವತ್ತು ದಿನ ಒಂದು ಬೊಟ್ಟು ತಪ್ಪಿಸಲಿಲ್ಲ ಆ ಹೆಂಗಸು!

ನಲವತ್ತೊಂದನೇ ದಿನ ಸೈಕಲ್ಲಿನವನು ಬಂದ. ಅತ್ತೆ ದಾರ ಬಿಚ್ಚಿ ಎರಡು ಕೋಳಿಯನ್ನೂ ಅವನ ಕಂಕುಳಿಗೆ ಕೊಟ್ಟರು. "ನಿನ್ನ ಪುಡಿ ತಿಂದಿರದು ಯಾವ್ದು ಯೋಳಪ್ಪ. ಎರಡು ಡಬ್ಬಿ ತಗತೀನಿ." ಅವನು ಕೋಳಿಗಳ ಜುಟ್ಟು ನೋಡಿದ, ಕಣ್ಣು ನೋಡಿದ, ತೊಡೆ ಹಿಸುಕಿದ. ಕೊನೆಗೆ ಒಂದನ್ನು ಎತ್ತಿ ಹಿಡಿದು, "ಇದೇ ತಾಯಿ! ಮುಖದಲ್ಲಿ ಕಳೆ ನೋಡಿ!" ಎಂದ.

"ಅದು ಬರೀ ನುಚ್ಚಿನ ಕಳೆ ಕಣಪ್ಪ" ಎಂದರು ಅತ್ತೆ. ಆ ಸೈಕಲ್ಲು ಮತ್ತೆ ನಮ್ಮ ಬೀದಿಗೆ ತಿರುಗಲಿಲ್ಲ.

ಒಂದು ಸಲ ಈ ಪರೀಕ್ಷೆ ನನ್ನ ರಟ್ಟೆಗೇ ಬಂತು. ಮಿಲ್ಲಿನ ಅಕ್ಕಿಯಲ್ಲಿ ಸತ್ವವಿಲ್ಲ, ಮನೆಯಲ್ಲಿ ಕುಟ್ಟಿದ ಅಕ್ಕಿಯೇ ಮೈಗೆ ಒಳ್ಳೆಯದು ಎಂದು ಓದಿ ಹೇಳಿದವಳು ನಾನೇ. ಬಾಯಿ ಮುಚ್ಚಿಕೊಂಡಿರಬಾರದಿತ್ತೇ? ನನ್ನ ಗಂಡನಿಗೆ ಕುಟ್ಟಿದ ಅಕ್ಕಿ, ಮೈದುನನಿಗೆ ಮಿಲ್ಲಿನ ಅಕ್ಕಿ, ಎರಡು ತಿಂಗಳಾದ ಮೇಲೆ ಇಬ್ಬರೂ ಊರ ಮುಂದಿನ ಗುಂಡುಕಲ್ಲು ಎತ್ತಬೇಕು ಎಂದು ಅಪ್ಪಣೆಯಾಯಿತು. ಕುಟ್ಟುವವಳು ಯಾರು? ಬ್ಲಫ್ಫಿನ ಹುಡುಗಿ! ಎಂಟನೇ ದಿನಕ್ಕೆ ಅಂಗೈ ಬೊಬ್ಬೆ ಬಂತು. ಗಂಡ ನೋಡಿ ಮರುಗಿ, "ನಂಗೂ ಮಿಲ್ ಅಕ್ಕಿನೇ ಆಕು, ಅವ್ವಂಗೆ ಯೋಳಬ್ಯಾಡ" ಎಂದರು. ಹಾಗೇ ಮಾಡಿದೆ, ಗೋಡೆಯ ಮೇಲೆ ಕುಟ್ಟಿದ ಅಕ್ಕಿಯ ಬೊಟ್ಟನ್ನು ಮಾತ್ರ ದಿನಾ ಇಟ್ಟೆ. ಕೊನೆಗೆ ಮೈದುನ ಕಲ್ಲು ಎತ್ತಿದ, ನನ್ನ ಗಂಡ ಎತ್ತಲಿಲ್ಲ.

ಅತ್ತೆ ಕಲ್ಲು ನೋಡಲಿಲ್ಲ, ಕೊಟ್ಟಿಗೆ ನೋಡಿದರು. "ಎರಡು ತಿಂಗಳಿಂದ ಅಕ್ಕಿ ಕುಟ್ಟಿದ್ದೀಯ. ತೌಡು ಎಲ್ಲವ್ವ? ಮೊದಲ ಎಂಟು ದಿನ ಬುಟ್ರೆ ನಮ್ಮ ಎಮ್ಮೆ ಕಂಡೇ ಇಲ್ವಲ್ಲ!"

ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಬಯ್ಯಲಿಲ್ಲ. ನನ್ನ ಅಂಗೈ ಹಿಡಿದು ಬೊಬ್ಬೆಯ ಕಲೆ ನೋಡಿದರು. "ಆಗಾಕಿಲ್ಲ ಅಂದಿದ್ರೆ ನಾನೇ ಕುಟ್ತಿದ್ದೆ. ಗ್ವಾಡೆ ಮ್ಯಾಲೆ ಸುಳ್ಳು ಲೆಕ್ಕ ಮಾತ್ರ ಬರೀಬ್ಯಾಡ ಮಗಾ. ನಾಳೀಕೆ ಯಾರಾರ ನೋಡಿ ನಂಬ್ತಾರೆ" ಎಂದು ಒದ್ದೆ ಬಟ್ಟೆ ತಂದು ಎಲ್ಲಾ ಬೊಟ್ಟುಗಳನ್ನೂ ಅಳಿಸಿಬಿಟ್ಟರು.

ಇಲ್ಲಿಯವರೆಗೆ ನಗುನಗುತ್ತಾ ಬರೆದೆ. ಇನ್ನು ಮುಂದಿನದನ್ನೂ ಹಾಗೇ ಬರೆಯಲು ನನ್ನ ಕೈಲಾಗುವುದಿಲ್ಲ.

ನಾಲೆಯಿಂದ ಭತ್ತ ಬಂತು, ಕಬ್ಬು ಬಂತು, ಅದರ ಹಿಂದೆಯೇ ಚಳಿಜ್ವರವೂ ಬಂತು. ಮಾಗಿ ಹತ್ತಿರವಾದರೆ ಮನೆಗೊಬ್ಬರು ಕಂಬಳಿ ಹೊದ್ದು ನಡುಗುವವರು. ಅದಕ್ಕೆ ಕಹಿ ಮಾತ್ರೆ, ಕ್ವಿನೈನು. ಆ ಮಾತ್ರೆಯ ಮೇಲೆ ಇಲ್ಲದ ಅಪವಾದವಿಲ್ಲ. ಕಿವಿ ಕಿವುಡಾಗುತ್ತದೆ, ರಕ್ತ ಸುಟ್ಟುಹೋಗುತ್ತದೆ, ಬಾಣಂತಿಯ ಎದೆಹಾಲು ಬತ್ತಿಹೋಗುತ್ತದೆ. ನನ್ನ ಮಗಳಿಗೆ ಆಗ ಆರು ತಿಂಗಳು. ಹಾಲು ಬತ್ತುವ ಮಾತು ಕೇಳಿ ನಾನು ಹೆದರಿದ್ದೆ.

ಯುದ್ಧದಿಂದ ಮಾತ್ರೆಗೆ ಬರ ಬಂದಿದ್ದ ಆ ವರ್ಷವೇ, ಒಂದೇ ಮಧ್ಯಾಹ್ನ, ನನಗೂ ಅತ್ತೆಗೂ ಚಳಿ ಹತ್ತಿತು. ಈ ಜ್ವರ ಒಂದು ದಿನ ಬಿಟ್ಟು ಒಂದು ದಿನ ಬರುವಂಥದ್ದು. ನಡುವಿನ ದಿನ ನನಗೆ ಏಳಲಾಗಲಿಲ್ಲ. ಅತ್ತೆ ಎದ್ದು, ಕೋಲೂರಿಕೊಂಡು, ತಾವೇ ಆಸ್ಪತ್ರೆಗೆ ನಡೆದುಹೋಗಿ ಒಂದು ಪೊಟ್ಟಣ ತಂದರು.

"ಅವ್ವ, ಒಂದೇ ಪೊಟ್ಟಣ ತಂದಿದ್ದೀಯ?" ಎಂದರು ನನ್ನ ಗಂಡ.

"ಇನ್ನೊಂದು ಕೊಡ್ತೀನಿ ಅಂದ್ರು ಕಣ್ಲಾ. ನಾನೇ ಬ್ಯಾಡ ಅಂದೆ. ಒಂದೇ ಮನೆ, ಒಂದೇ ದಿನ ಹತ್ತಿದ ಚಳಿ. ಇಂತಾ ಜೋಡಿ ಮತ್ತೆ ಸಿಕ್ಕಾಕಿಲ್ಲ. ಅವ್ಳು ತಗೊಳ್ಳಿ, ನಾನು ತಗಳಾಕಿಲ್ಲ. ನೋಡೇಬುಡವ ಇದರ ಗುಣವ."

"ನಿಂಗೇನ್ ತಲೆ ಕೆಟ್ಟದಾ?"

"ಕೋಳಿಗೆ ಚಳಿಜರ ಬತ್ತಿದ್ರೆ ನಾನ್ಯಾಕ್ಲಾ ಮನಗ್ತಿದ್ದೆ?"

ಆ ಜ್ವರದಲ್ಲೂ ನನಗೆ ನಗು ಬಂತು. ಹಾಲು ಬತ್ತಿದರೆ ಏನು ಗತಿ ಎಂದು ನಾನು ಮಾತ್ರೆ ಬೇಡವೆಂದೆ. "ಜರದಲ್ಲಿ ಬಿದ್ದಿದ್ರೆ ಬತ್ತಾಕಿಲ್ವಾ ಆಲು? ಬಾಯಿ ತಗಿ" ಎಂದು ಗದರಿಸಿ ನುಂಗಿಸಿದರು. ಏಳು ದಿನ ಹೊತ್ತುಹೊತ್ತಿಗೆ ಅವರೇ ನುಂಗಿಸಿದರು. ತಮಗೆ ಚಳಿ ಹತ್ತಿದ ದಿನ ಹಲ್ಲು ಕಟಕಟ ಎನ್ನುತ್ತಿರುವಾಗಲೂ ಗೋಡೆ ಹಿಡಿದು ಬಂದು ನುಂಗಿಸಿ, ಬೀಸುವ ಕಲ್ಲಿನ ಹತ್ತಿರ ಹೋಗಿ ಬೊಟ್ಟಿಟ್ಟು ಬಂದು ಮಲಗುತ್ತಿದ್ದರು. ಎಂಟನೆಯ ದಿನ ನನಗೆ ಚಳಿ ಬರಲಿಲ್ಲ. "ಬಿಳಿ ಗೂಟ ಗೆಲ್ತು" ಎಂದು ನಕ್ಕರು.

ಅವರ ಜ್ವರ ಬಿಡಲಿಲ್ಲ. ಗಂಡ ಆಸ್ಪತ್ರೆಗೆ ಓಡಿದರೆ ಬಾಗಿಲಿಗೆ ಕ್ವಿನೈನು ಇಲ್ಲ ಎಂದು ಹಲಗೆ ತಗಲಿಹಾಕಿದ್ದರು. ಕೊಡುತ್ತೇನೆಂದಾಗ ಬೇಡವೆಂದರಲ್ಲ ಎಂದು ಮನೆಯವರಿಗೆಲ್ಲ ಸಂಕಟ, ಕೋಪ. ಎಡಗಡೆ ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆಯಿತು, ಕಣ್ಣು ಹಳದಿಯಾಯಿತು, ಕೈಕಾಲು ಕಡ್ಡಿಯಾಯಿತು. ಒಂದು ದಿನ ಗಂಜಿ ಕುಡಿಸುತ್ತಾ ನನಗೆ ತಡೆಯಲಾಗದೆ, "ಎಂಥ ಹಟಮಾರಿ ಹೆಂಗಸು ನೀವು! ಕೋಳಿಯ ಹುಚ್ಚನ್ನು ಮೈಮೇಲೆ ತಂದುಕೊಂಡಿರಿ!" ಎಂದು ಕೂಗಿಬಿಟ್ಟೆ. ಅವರು ತೊಡೆಯ ಮೇಲಿದ್ದ ಮೊಮ್ಮಗಳ ಕಾಲು ನೀವುತ್ತಾ, "ಊಂ ಕಣವ್ವ, ಹಟಮಾರಿನೇ" ಎಂದರು. ಮೂರನೇ ತಿಂಗಳು ಮಾತ್ರೆ ಬಂತು. ಆ ವೇಳೆಗೆ ಮೈಯಲ್ಲಿ ಏನೂ ಉಳಿದಿರಲಿಲ್ಲ. ಮುಂದಿನ ತಿಂಗಳು ತೀರಿಕೊಂಡರು.

ಸಮಾಧಿಗೆ ಹಾಲುತುಪ್ಪ ಬಿಟ್ಟ ದಿನ, ಅತ್ತೆಗೆ ಪೊಟ್ಟಣ ಕೊಟ್ಟಿದ್ದ ಆಸ್ಪತ್ರೆಯ ಕಾಂಪೌಂಡರು ಬಂದು ಜಗಲಿಯ ಮೇಲೆ ಕೂತರು. ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ನಾನು, "ನೀವು ಕೊಡ್ತೀನಿ ಅಂದ ಎರಡನೇ ಪೊಟ್ಟಣ ತಂದಿದ್ದರೆ ಇರುತ್ತಿದ್ದರು. ಪರೀಕ್ಷೆ ಮಾಡ್ತೀನಿ ಅಂತ ಜೀವ ಕಳಕೊಂಡರು" ಎಂದೆ.

ಅವರು ನನ್ನ ಮುಖ ನೋಡಿದರು. "ಎರಡನೇದು ಎಲ್ಲಿತ್ತಮ್ಮ ನನ್ನ ಹತ್ರ? ಅವತ್ತು ಉಳಿದಿದ್ದೇ ಒಬ್ಬರಿಗಾಗೋಷ್ಟು. 'ಅರ್ಧ ಅರ್ಧ ಮಾಡುದ್ರೆ?' ಅಂದ್ರು. ಅರ್ಧ ತಗೊಂಡರೆ ಇಬ್ಬರಿಗೂ ಬಿಡೋದಿಲ್ಲ ಯಜಮಾನಿ ಅಂದೆ. ಪೊಟ್ಟಣ ಬಿಚ್ಚಿ ಮಾತ್ರೆ ಎಣಿಸಿದ್ರು. ಆಮೇಲೆ 'ಆಲು ಕುಡ್ಸೋಳು ತಗಬೌದಾ?' ಅಂತ ಎರಡೆರಡು ಸಲ ಕೇಳಿ ಎದ್ದುಹೋದ್ರು."

"ಮತ್ತೆ ಪರೀಕ್ಷೆ?"

"ಎಂಥ ಪರೀಕ್ಷೆ? ಅದನ್ನ ಅವರು ಯಾವತ್ತೋ ಮಾಡಿ ಮುಗಿಸಿದ್ರಲ್ಲ. ಜ್ವರ ಶುರುವಾದ ವರ್ಷ ಮಾತ್ರೆ ತಗೊಂಡ ಮನೆ ಯಾವುದು, ತಗೊಳ್ಳದ ಮನೆ ಯಾವುದು ಅಂತ ಊರೆಲ್ಲ ಸುತ್ತಿ ನೋಡಿ, 'ಇದೊಂದು ದಿಟ ಕಣಪ್ಪ' ಅಂತ ನನಗೇ ಬಂದು ಹೇಳಿ ಹೋಗಿದ್ರು."

ನಾನು ಒಳಗೆ ಹೋದೆ. ಬೀಸುವ ಕಲ್ಲಿನ ಹಿಂದೆ ಬಗ್ಗಿ ನೋಡಿದೆ. ಏಳು ಸುಣ್ಣದ ಬೊಟ್ಟು. ಅದರ ಕೆಳಗೆ ಏಳು ಇದ್ದಲಿನ ಬೊಟ್ಟು. ಆಮೇಲೆ ಬರೀ ಗೋಡೆ. ಅವರ ಜ್ವರ ನಾಲ್ಕು ತಿಂಗಳು ಬಿಡದೆ ಕಾಡಿತ್ತಲ್ಲ, ಆ ದಿನಗಳ ಬೊಟ್ಟು ಎಲ್ಲಿ? ಕೋಳಿಯ ಲೆಕ್ಕವನ್ನು ನಲವತ್ತು ದಿನ ಬಿಡದೆ ಇಟ್ಟ ಹೆಂಗಸು, ನನ್ನ ಜ್ವರ ಬಿಟ್ಟ ದಿನವೇ ಲೆಕ್ಕ ನಿಲ್ಲಿಸಿಬಿಟ್ಟಿದ್ದರು. ಅವರು ತಮ್ಮನ್ನು ಎಣಿಸಿಯೇ ಇರಲಿಲ್ಲ. ಸುಳ್ಳು ಲೆಕ್ಕ ಬರೆಯಬೇಡ ಎಂದು ನನ್ನ ಕೈ ಹಿಡಿದು ಹೇಳಿದವರು, ನಾನು ಮರುಮಾತಿಲ್ಲದೆ ಮಾತ್ರೆ ನುಂಗಲಿ ಎಂದು ಅದೇ ಗೋಡೆಯ ಮೇಲೆ ಒಂದು ಸುಳ್ಳು ಬರೆದಿಟ್ಟಿದ್ದರು. ನಾನೋ, ಅದನ್ನು ನಂಬಿ ಅವರನ್ನು ಹಟಮಾರಿ ಎಂದೆ. ಆ ಮಾತನ್ನು ಈಗ ಯಾರ ಹತ್ತಿರ ಹೋಗಿ ವಾಪಸು ಪಡೆಯಲಿ? ಕಲ್ಲಿನ ಪಕ್ಕ ಕುಸಿದು ಕೂತು ಅತ್ತುಬಿಟ್ಟೆ. ಮಗಳು ಏನೂ ತಿಳಿಯದೆ ಇದ್ದಲಿನ ಬೊಟ್ಟುಗಳ ಮೇಲೆ ಕೈಯಾಡಿಸಲು ಹೋದಳು. ಅವಳ ಕೈ ಹಿಡಿದುಕೊಂಡೆ.

ತಿಥಿಗೆ ಮನೆ ಬಳಿಯಬೇಕಿತ್ತು. ಮೈದುನ ಕೆಮ್ಮಣ್ಣು ಕಲಸಿಕೊಂಡು ಬಂದ. ಬೀಸುವ ಕಲ್ಲಿನ ಹಿಂದಿನ ಆ ಗೋಡೆಯೊಂದನ್ನು ಬಿಟ್ಟು ಬಳಿ ಎಂದೆ.