ಹಿತ್ತಲಲ್ಲಿ ಆಡು, ಫೋನಿನಲ್ಲಿ ನರಿ

ಹೆದರುವವರ ಮೇಲೆಯೇ ಹಾವು ಬೀಳುತ್ತದೆ ಅನ್ನುತ್ತಾರೆ. ನನ್ನ ಮೇಲೆ ಬಿದ್ದದ್ದು ಬ್ರೌಸರು. ಒಂದೇ ಬಿದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ, ಒಂದರ ಮೇಲೊಂದು ಬೀಳುತ್ತಲೇ ಇವೆ.

ನಾನು ಹುಟ್ಟು ಅಂಜುಬುರುಕಿ. ಕುಕ್ಕರ್ ಸೀಟಿ ಹೊಡೆಯುವ ಸಮಯ ನೋಡಿಕೊಂಡು ಅಡುಗೆಮನೆಯಿಂದ ಹೊರಗೆ ಬರುವವಳು. ಮನೆ ಬಸವಕಲ್ಯಾಣದಲ್ಲಿ, ಮಾಸ್ತರಿಕೆ ಹುಮನಾಬಾದಿನ ಶಾಲೆಯೊಂದರಲ್ಲಿ. ದಿನಾ ಹೋಗಿ ಬರುವುದು ಬಸ್ಸಿನಲ್ಲಿ, ಅದೂ ಲಾರಿಗಳು ಮೈಮೇಲೆ ಬಂದಂತೆ ಓಡಾಡುವ ಹೈವೇಯಲ್ಲಿ. ಡ್ರೈವರಿಗಿಂತ ಹೆಚ್ಚು ಬ್ರೇಕು ನಾನೇ ಒತ್ತುತ್ತೇನೆ, ಸೀಟಿನ ಕೆಳಗೆ ಕಾಲು ಊರಿ. ಹೀಗಾಗಿ ನನ್ನದು ಒಂದೇ ಆಸೆ: ಬಸವಕಲ್ಯಾಣಕ್ಕೆ ವರ್ಗಾವಣೆ, ನಮ್ಮ ಕಡೆಯ ಮಾತಿನಲ್ಲಿ ಬದಲಿ. ಮನೆಯಿಂದ ಶಾಲೆಗೆ ನಡೆದುಕೊಂಡು ಹೋಗಬೇಕು, ನಡೆದುಕೊಂಡು ಬರಬೇಕು, ಸಾಯುವುದಾದರೆ ಹಾಸಿಗೆಯ ಮೇಲೆ ಸಾಯಬೇಕು. ಈ ವರ್ಷ ವರ್ಗಾವಣೆಗೆ ವೆಬ್‌ಸೈಟಿನಲ್ಲೇ ಊರು ಆರಿಸಬೇಕು ಎಂದರು. ಒಮ್ಮೆ ಒತ್ತಿದ ಊರು ಮತ್ತೆ ಬದಲಾಗುವುದಿಲ್ಲ ಎಂದೂ ಹೇಳಿದರು. ಅಂದಿನಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಇಂಥ ನನ್ನನ್ನು ಶಾಲೆಯಲ್ಲೂ ಓಣಿಯಲ್ಲೂ ಬ್ರೌಸರ್ ಪಂಡಿತೆ ಅಂತ ತಿಳಿದಿದ್ದಾರೆ. ಕಾರಣ ಇಷ್ಟೇ. ಹಿಂದೊಮ್ಮೆ ಶಾಲೆಯ ಕಂಪ್ಯೂಟರಿನಲ್ಲಿ ಏನೋ ಒಂದು ಪೇಜು ತೆರೆಯಲಿಲ್ಲ. ಎಲ್ಲರೂ ಕೈಕಟ್ಟಿ ನಿಂತಿದ್ದರು. ನಾನು ಹೆದರುತ್ತಲೇ "ಬೇರೇದರಾಗ ತೆಗದು ನೋಡ್ರಿ" ಅಂದೆ. ತೆರೆಯಿತು. ಹಾಳೂರಿಗೆ ಉಳಿದವನೇ ಗೌಡ. ಅಂದಿನಿಂದ ಯಾರು ಏನು ಕೇಳಿದರೂ ನನ್ನದು ಇದೊಂದೇ ಔಷಧ: ಬೇರೇದರಾಗ ತೆಗೀರಿ. ಬ್ರೌಸರುಗಳ ಇಂಗ್ಲಿಷ್ ಹೆಸರು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಚಿತ್ರ ನೋಡಿ ಗುರುತು ಹಿಡಿಯುತ್ತಾರೆ: ಬಣ್ಣದ ಚೆಂಡು, ನರಿ, ಸಿಂಹ, ಬಾತುಕೋಳಿ.

ನಗುವ ಫೋನು

ನಮ್ಮ ಹೆಡ್‌ಮಾಸ್ಟರು ಮಕ್ಕಳಿಗೆ ಹುಲಿ, ಫೋನಿಗೆ ಇಲಿ. ಒಂದು ದಿನ ಪ್ರಾರ್ಥನೆ ಮುಗಿಯುತ್ತಲೇ ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು.

"ಅಕ್ಕೋರ, ಇದು ನನ್ನ ನೋಡಿ ನಗಾಕತ್ತದ."

"ಯಾವುದು ಸರ್?"

"ಫೋನು. ಇಷ್ಟು ದಿನಾ ಮ್ಯಾಲ ಒಂದು ನಂಬರ್ ತೋರಸ್ತಿತ್ತು. ನಿನ್ನಿಯಿಂದ ನಗಾಕತ್ತದ. ಯಾರೋ ಒಳಗ ಕುಂತು ನನ್ನ ಚೇಷ್ಟಿ ಮಾಡಾಕತ್ತಾರ."

ನೋಡಿದೆ. ನಿಜವಾಗಿಯೂ ಮೂಲೆಯಲ್ಲಿ ಒಂದು ಮುಖ ಅಡ್ಡ ಮಲಗಿ ಬಾಯಿ ತೆರೆದು ನಗುತ್ತಿತ್ತು. ಆಮೇಲೆ ತಿಳಿಯಿತು. ಅವರದು ಬಣ್ಣದ ಚೆಂಡಿನ ಬ್ರೌಸರು. ಒಮ್ಮೆ ತೆರೆದ ಪೇಜನ್ನು ಅವರು ಎಂದೂ ಮುಚ್ಚಿರಲಿಲ್ಲ. ತೆರೆದ ಪೇಜುಗಳು ನೂರು ಮುಟ್ಟಿದರೆ ಅದು ಎಣಿಸುವುದನ್ನು ಬಿಟ್ಟು ನಗುವ ಮುಖ ತೋರಿಸುತ್ತದೆ.

"ಯಾಕ ಸರ್ ಒಂದೂ ಮುಚ್ಚಿಲ್ಲ?"

"ಇಲ್ಲಿ ಮುಚ್ಚಿದ್ರ ಅಲ್ಲಿನೂ ಮುಚ್ಚಿದ್ರ ಹ್ಯಾಂಗ್ರಿ? ಬಿಸಿಯೂಟದ ಪೇಜ್ ನಾ ಬಂದ್ ಮಾಡಿದೆ ಅಂತ ನಾಳಿ ಹುಡುಗರಿಗಿ ಊಟ ಬರಲಿಲ್ಲಂದ್ರ ಯಾರು ಜವಾಬ್ದಾರಿ?"

ನಗಬೇಕೆಂದುಕೊಂಡೆ, ಆದರೆ ಅವರ ಮುಖ ನೋಡಿ ನನಗೂ ಒಂದು ಗಳಿಗೆ ಅನುಮಾನ ಬಂತು. ಹೆದರಿದವರ ಜೊತೆ ಐದು ನಿಮಿಷ ಕೂತರೆ ಸಾಕು, ನನಗೆ ಆ ಹೆದರಿಕೆ ಅಂಟುತ್ತದೆ. ಯಾವುದಕ್ಕೂ ಇರಲಿ ಎಂದು ಯಾರಿಗೂ ನಷ್ಟವಾಗದ ಒಂದು ಪೇಜು ಹುಡುಕಿದೆವು. ಹವಾಮಾನದ್ದು ಸಿಕ್ಕಿತು. ಇಬ್ಬರೂ ಉಸಿರು ಬಿಗಿಹಿಡಿದು ಅದನ್ನು ಮುಚ್ಚಿದೆವು. ಹೆಡ್‌ಮಾಸ್ಟರು ಎದ್ದು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಮೇಲೆ ಕೆಳಗೆ ನೋಡಿದರು. ತಿರುಗಿ ಬಂದು ಕೂತು ಹೇಳಿದರು:

"ಹವಾಮಾನ ಇದ್ದಂಗೇ ಅದ ಅಕ್ಕೋರ. ಮುಂದಿಂದು ಮುಚ್ರಿ."

ಅತ್ತೆಯವರ ನರಿ

ವರ್ಗಾವಣೆಯ ವೆಬ್‌ಸೈಟು ಯಾವುದರಲ್ಲಿ ತೆರೆಯುತ್ತದೆ ಅನ್ನುವುದು ನಮ್ಮ ಸ್ಟಾಫ್ ರೂಮಿನಲ್ಲಿ ತೀರದ ಜಗಳವಾಗಿತ್ತು. ಒಬ್ಬರು ಚೆಂಡು ಅಂದರು, ಇನ್ನೊಬ್ಬರು ನರಿ ಇಲ್ಲದೆ ಆಗುವುದೇ ಇಲ್ಲ ಅಂದರು. ಹೆದರಿದವಳು ಆರಿಸುವುದಿಲ್ಲ, ಎಲ್ಲವನ್ನೂ ಇಟ್ಟುಕೊಳ್ಳುತ್ತಾಳೆ. ನನ್ನ ಫೋನಿನಲ್ಲಿ ಚೆಂಡು ಇದ್ದೇ ಇತ್ತು. ಮನೆಯಲ್ಲಿ ಅತ್ತೆಯವರ ಕೈಯಲ್ಲಿರುವ ಹಳೆಯ ಫೋನಿಗೆ ನರಿ ಹಾಕಿದೆ.

ನಮ್ಮ ಅತ್ತೆ ಕೊಡಂಬಲದವರು, ಕುರಿ ಕಾಯ್ದ ಮನೆತನದ ಮಗಳು. ಬಸವಕಲ್ಯಾಣಕ್ಕೆ ಬಂದು ಇಷ್ಟು ಕಾಲವಾದರೂ ಹಿತ್ತಲಲ್ಲಿ ಎರಡು ಆಡು ಕಟ್ಟುವುದನ್ನು ಬಿಟ್ಟಿಲ್ಲ. ತವರೂರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದ್ದಾರೆ, ಅಕ್ಷರ ಕೂಡಿಸಿ ಓದುತ್ತಾರೆ. ಮರುದಿನ ಫೋನು ಕೈಗೆತ್ತಿಕೊಂಡವರೇ ಚೀರಿದರು.

"ಆಡು ಕಟ್ಟಿದ ಮನ್ಯಾಗ ನರಿ ತಂದಿಟ್ಟೀಯಲ್ಲ ತಂಗಿ, ಏನ್ ಹೇಳಬೇಕು ನಿನಗ?"

"ಅತ್ತೀ, ಅದು ಬರೇ ಚಿತ್ರ ಅದರಿ."

"ಬರೇ ಚಿತ್ರ ಆದ್ರ, ಹುಲಿ ಇದ್ದ ಕ್ಯಾಲೆಂಡರ್ ನೀ ಯಾಕ ಗ್ವಾಡಿಗಿ ತಿರುವಿ ಹಾಕೀದಿ?"

ಅಂದಿನಿಂದ ಆ ಫೋನು ಹಿತ್ತಲ ಬಾಗಿಲು ದಾಟಲಿಲ್ಲ. ಅತ್ತೆ ಹುಲ್ಲು ಹಾಕಲು ಹೋಗುವಾಗ ಅದನ್ನು ಬೋರಲು ಹಾಕಿ ಮೇಲೆ ತಟ್ಟೆ ಮುಚ್ಚಿ ಹೋಗುತ್ತಿದ್ದರು. ಅದೇ ವಾರ ಒಂದು ಆಡು ಮೇವು ಬಿಟ್ಟಿತು. ಸೀನಿತು ಕೂಡ. ಅತ್ತೆ ಫೋನಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ಆಡಿಗೆ ಏನಾದರೂ ಆದರೆ ನನ್ನ ಗತಿ ಏನು ಎಂದು ನಾನು ದೇವರಿಗೆ ಕಾಯಿ ಹರಕೆ ಹೊತ್ತೆ.

"ಮುಂಜಾನೆದ್ದು ನರಿ ಮುಖ ನೋಡಿದ್ರ ಒಳ್ಳೇದಾಗ್ತದ ಅಂತ ನೀವೇ ಹೇಳ್ತೀರಲ್ಲ" ಎಂದು ಸಮಾಧಾನ ಮಾಡಲು ನೋಡಿದೆ.

"ಹೊರಗ ಅಡವ್ಯಾಗ ಕಂಡ್ರ ಒಳ್ಳೇದು. ಮನಿಗಿ ಕರದು ಕುಂದರಸಿದ್ರ ಅಲ್ಲ."

ನಮ್ಮ ಯಜಮಾನರದು ಪಂಪ್‌ಸೆಟ್ ರಿಪೇರಿ ಅಂಗಡಿ. ಎಂಥ ಕೆಟ್ಟ ಯಂತ್ರಕ್ಕೂ ಅವರಲ್ಲಿ ಒಂದು ಉಪಾಯ ಇರುತ್ತದೆ. ಸಂಜೆ ಬಂದು ತಮ್ಮ ಫೋನು ತೋರಿಸಿದರು. "ನೋಡವ್ವಾ, ನಾ ಸಿಂಹ ಹಾಕೊಂಡೀನಿ. ಇನ್ನ ನಿನ್ನ ನರಿ ಬಾಲ ಮುದುಡಿ ಬೀಳ್ತದ."

ಅತ್ತೆ ಮಗನನ್ನು ಮರುಕದಿಂದ ನೋಡಿದರು.

"ಹುಚ್ಚಪ್ಪಾ, ಸಿಂಹ ಏನ್ ನರಿ ತಿಂದು ಹೊಟ್ಟಿ ತುಂಬಸ್ಕೋತದ? ಅದೂ ಆಡೇ ತಿಂತದ."

ಟೊಪ್ಪಿಗೆಯವನು

ನಮ್ಮ ಎದುರುಮನೆಯ ಚಾಚಾ ದರ್ಜಿ. ಒಂದು ಭಾನುವಾರ ಬೆಳಿಗ್ಗೆ ಬಂದು ಪಿಸುಮಾತಿನಲ್ಲಿ ಕರೆದರು. ಹೋದೆ. ಅವರ ಫೋನು ಗುಂಡಿ ಇಡುವ ತಗಡಿನ ಡಬ್ಬಿಯೊಳಗಿತ್ತು. ಮುಚ್ಚಳದ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದರು.

"ಬೇಟಿ, ಇದರಾಗ ಒಬ್ಬ ಬಂದು ಕುಂತಾನ. ಟೊಪ್ಪಗಿ ಹಾಕ್ಯಾನ, ಚಸ್ಮಾ ಹಾಕ್ಯಾನ. ಮುಖಾನೇ ಇಲ್ಲ. ಎಲ್ಲಾ ಕರ್ರಗ ಆಗ್ಯಾದ. ಆವಾಗಿಂದ ನಾ ಏನ್ ನೋಡಿದ್ರೂ ನೋಡಾಕತ್ತಾನ."

ಡಬ್ಬಿ ತೆಗೆಯಲು ನನಗೂ ಧೈರ್ಯ ಸಾಲದೆ ಅವರೇ ತೆಗೆಯಲಿ ಎಂದು ನಿಂತೆ. ಅವರು ನಾನು ತೆಗೆಯಲಿ ಎಂದು ನಿಂತರು. ಕೊನೆಗೆ ನಾನೇ ತೆಗೆದೆ. ಬ್ರೌಸರಿನಲ್ಲಿ ಗುಟ್ಟಾಗಿ ನೋಡುವವರಿಗೆಂದೇ ಒಂದು ಕಪ್ಪು ಪೇಜು ಇರುತ್ತದೆ, ಅದರ ಗುರುತು ಟೊಪ್ಪಿಗೆ, ಕನ್ನಡಕ. ಶೇರ್ವಾನಿಯ ಹೊಸ ನಮೂನೆ ಹುಡುಕುವಾಗ ಚಾಚಾನ ಹೆಬ್ಬೆರಳು ಅಲ್ಲಿ ಬಿದ್ದಿತ್ತು.

"ಚಾಚಾ, ಅಂವ ಕಳ್ಳ ಅಲ್ರಿ. ನೀವು ನೋಡಿದ್ದೆಲ್ಲ ಅಂವ ಮರತ ಬಿಡ್ತಾನ. ನೆನಪಿಡೋದೇ ಇಲ್ಲ."

ಒಳಗಿನಿಂದ ಚಾಚಿಯ ದನಿ ಬಂತು. "ಹೇಳಿದ್ದು ನೆನಪಿಡಲಾರದಂವ ಈ ಮನ್ಯಾಗ ಮೊದಲೇ ಒಬ್ಬ ಅದಾನ. ಇನ್ನೊಬ್ಬ ಬ್ಯಾಡ, ಹೊರಗ ಹಾಕು ಬೇಟಿ."

ಚಾಚಾನಿಗೆ ಸಮಾಧಾನವಾಯಿತೋ ಇಲ್ಲವೋ, ಹೊರಡುವಾಗ ನನ್ನ ಸಮಾಧಾನ ಕೆಡಿಸಿದರು. "ನೀ ಏನ್ ಹೇಳಿದ್ರೂ ಅಂವ ಚೋರನೇ. ಇಂಥವರೇ ಮಂದಿ ಹೆಸರಿಲೆ ಒಳಗ ಹೊಕ್ಕು ಏನರೆ ಒತ್ತಿ ಹೋಗ್ತಾರ. ನಿಂದು ಬದಲಿ ಅದ ಅಂತಲ್ಲ, ಹುಷಾರ್ ಇರು." ಅಂದಿನಿಂದ ಆ ಟೊಪ್ಪಿಗೆಯವನು ನನ್ನ ತಲೆಯಲ್ಲೇ ಮನೆ ಮಾಡಿಕೊಂಡು ಕೂತ.

ಊರು ಆರಿಸಿದ ದಿನ

ನನ್ನ ಸರದಿ ಬಂದ ದಿನ ರಜೆ ಹಾಕಿ ಮನೆಯಲ್ಲೇ ಕೂತೆ. ಮಧ್ಯಾಹ್ನದವರೆಗೆ ಮಾತ್ರ ಅವಕಾಶ. ಒಂದರಲ್ಲಿ ತೆರೆಯದಿದ್ದರೆ ಇನ್ನೊಂದರಲ್ಲಿ ತೆರೆಯಲಿ ಎಂಬ ನನ್ನ ಅದೇ ಹಳೆಯ ಔಷಧದ ಪ್ರಕಾರ ಅಂಗಡಿಯಲ್ಲಿದ್ದ ಯಜಮಾನರಿಗೂ ಶಾಲೆಯಲ್ಲಿದ್ದ ಹೆಡ್‌ಮಾಸ್ಟರಿಗೂ ನನ್ನ ಪಾಸ್‌ವರ್ಡ್ ಕೊಟ್ಟಿದ್ದೆ. ಯಾರಿಗೆ ಮೊದಲು ತೆರೆಯುತ್ತದೋ ಅವರು ಬಸವಕಲ್ಯಾಣ ಒತ್ತಬೇಕು.

ನನ್ನ ಚೆಂಡಿನಲ್ಲಿ ಬೇಗನೆ ತೆರೆಯಿತು. ಊರುಗಳ ಸಾಲು ಬಂತು, ಮೇಲೆಯೇ ಬಸವಕಲ್ಯಾಣ. ಬೆರಳು ಇಡಬೇಕು, ಅಷ್ಟರಲ್ಲಿ ಪೇಜು ಮಾಯವಾಗಿ ಅಕ್ಷರ ಮೂಡಿದವು: ನಿಮ್ಮ ಹೆಸರಿನಲ್ಲಿ ಬೇರೆ ಕಡೆ ಪ್ರವೇಶವಾಗಿದೆ, ಇಲ್ಲಿಂದ ಹೊರಹಾಕಲಾಗಿದೆ.

ಬಂದ ಟೊಪ್ಪಿಗೆಯವನು ಎಂದುಕೊಂಡೆ. ಮತ್ತೆ ಒಳಗೆ ಹೋದೆ, ಮತ್ತೆ ಹೊರಗೆ ಹಾಕಿತು. ಚೆಂಡು ಬಿಟ್ಟು ಅತ್ತೆಯವರ ಫೋನು ಕಸಿದುಕೊಂಡು ನರಿಯಲ್ಲಿ ಹೊಕ್ಕೆ. ಊರುಗಳ ಸಾಲು ಬಂತು. ಅದೇ ಹೊತ್ತಿಗೆ ನನ್ನ ಫೋನಿಗೆ ಯಜಮಾನರ ಕರೆ. ನರಿಯ ಫೋನನ್ನು ಅತ್ತೆಯವರ ಕೈಗಿಟ್ಟು "ಹಿಡಕೋರಿ, ಏನೂ ಮುಟ್ಟಬ್ಯಾಡ್ರಿ" ಅಂದೆ.

"ಯಾರೋ ಕಳ್ಳ ಹೊಕ್ಕಾನ" ಎಂದು ಯಜಮಾನರು ಏದುಸಿರು ಬಿಡುತ್ತಿದ್ದರು. "ಸಿಂಹದಾಗ ಹೊಕ್ಕಾಗೊಮ್ಮೆ ನನ್ನ ಹೊರಗ ದಬ್ಬಾಕತ್ತದ."

ನಡುವೆ ಹೆಡ್‌ಮಾಸ್ಟರ ಕರೆಯೂ ಬಂತು, ಮೂವರ ಕರೆಯನ್ನೂ ಒಂದರಲ್ಲೇ ಕೂಡಿಸಿದೆ. "ಅಕ್ಕೋರ, ನಾ ಬಿಟ್ಟಿಲ್ರಿ. ಅಂವ ದಬ್ಬಿದಂಗ ನಾನೂ ಹೊಕ್ಕೇನಿ. ನಾನೂ ಅವನ್ನ ಬರೋಬ್ಬರಿ ಹೊರಗ ಹಾಕೀನಿ." ನನ್ನ ಕೂಗು ಕೇಳಿ ಚಾಚಾ ದೊಡ್ಡ ಕತ್ತರಿ ಹಿಡಿದುಕೊಂಡೇ ಓಡಿಬಂದರು. ಎಲ್ಲಿ ಚೋರ, ಎಲ್ಲಿ ಚೋರ ಎಂದು ಮಂಚದ ಕೆಳಗೂ ಬಗ್ಗಿ ನೋಡಿದರು.

"ಸರ್, ನೀವು ಯಾವಾಗ ಹೊಕ್ಕಿದ್ರಿ?" ಅಂದೆ.

"ಆವಾಗೇ, ನಿಮ್ಮ ಯಜಮಾನ್ರಿಗಿ ದಬ್ಬಿತು ಅಂದ್ರಲ್ಲ, ಅದೇ ಹೊತ್ತಿಗೆ."

ಆಗ ತಿಳಿಯಿತು. ಒಬ್ಬರು ಒಳಗೆ ಬಂದರೆ ಒಳಗಿದ್ದವರನ್ನು ಆ ವೆಬ್‌ಸೈಟು ಹೊರಗೆ ಹಾಕುತ್ತದೆ. ಟೊಪ್ಪಿಗೆಯವನು ಬಂದೇ ಇರಲಿಲ್ಲ. ಇಷ್ಟು ಹೊತ್ತು ನಾವೇ ಒಬ್ಬರನ್ನೊಬ್ಬರು ಕತ್ತು ಹಿಡಿದು ದಬ್ಬುತ್ತಿದ್ದೆವು.

"ಯಾರೂ ಏನೂ ಮುಟ್ಟಬ್ಯಾಡ್ರಿ" ಎಂದು ಹೇಳಿ, ನನ್ನ ಫೋನಿನಲ್ಲಿ ಮತ್ತೆ ಒಳಗೆ ಹೋದೆ. ಊರುಗಳ ಸಾಲು ಬರಲಿಲ್ಲ. ಒಂದೇ ಸಾಲು ಬಂತು: ನಿಮ್ಮ ಆಯ್ಕೆ ದಾಖಲಾಗಿದೆ.

ನನಗೆ ಅಳು ಬಂತು. ಹಿತ್ತಲಿನಿಂದ ಅತ್ತೆ ಬಂದರು, ಕೈಯಲ್ಲಿ ನರಿಯ ಫೋನು. ಅಷ್ಟು ದಿನ ಆಡಿನ ಹತ್ತಿರ ಒಯ್ಯದ ಫೋನನ್ನು ನಮ್ಮ ಗದ್ದಲ ತಾಳದೆ ಅಲ್ಲಿಗೇ ಒಯ್ದಿದ್ದರು.

"ಅತ್ತೀ, ಏನರೆ ಒತ್ತೀರೇನು?"

"ಊರಿನ ಹೆಸರು ಕಂಡವು. ಒಂದೊಂದೇ ಓದಿದೆ. ಬಸವಕಲ್ಯಾಣ ಇತ್ತು."

"ಅದನ್ನ ಒತ್ತಿದ್ರಿ?"

"ಕೆಳಗ ಕೊಡಂಬಲ ಇತ್ತು. ನಾ ಕಲತ ಸಾಲಿ. ಕೈ ಅಲ್ಲೇ ಹೋತು. 'ಖಚಿತವೇ' ಅಂತ ಕೇಳ್ತು ತಂಗಿ. ನನ್ನ ಹಾಂಗ ಯಾರೂ ಎಂದೂ ಕೇಳಿದ್ದಿಲ್ಲ. ಹೌದು ಅಂದೆ."

ಸಿಟ್ಟು ಮಾಡಬೇಕೆಂದುಕೊಂಡೆ. ಬಾಯಿ ತೆರೆದೆ. ಅವರ ಮುಖ ನೋಡಿ ಬಾಯಿ ಮುಚ್ಚಿದೆ. ಕೊಡಂಬಲ ಹುಮನಾಬಾದಿಗಿಂತ ಆಚೆ. ಮೊದಲಿನ ಹೆದರಿಕೆ ಹುಮನಾಬಾದಿಗೆ ಮುಗಿಯುತ್ತಿತ್ತು, ಈಗ ಇನ್ನೂ ಮುಂದಕ್ಕೆ ಹೋಗುತ್ತದೆ. ಬಸ್ಸು ಹುಮನಾಬಾದಿನಲ್ಲಿ ನಿಂತಾಗ ಒಮ್ಮೊಮ್ಮೆ ಹೆಡ್‌ಮಾಸ್ಟರು ಕಿಟಕಿಯ ಹತ್ತಿರ ಬಂದು ಫೋನು ಮೇಲೆತ್ತಿ ಹಿಡಿಯುತ್ತಾರೆ: "ಅಕ್ಕೋರ, ಮತ್ತ ನಗಾಕತ್ತದರಿ."

ಸಂಜೆ ಮನೆಗೆ ಬಂದರೆ ಅತ್ತೆ ಚಹಾ ಹಿಡಿದು ಬಾಗಿಲಲ್ಲೇ ಇರುತ್ತಾರೆ. ಸಾಲಿ ಮುಂದಿನ ಬೇವಿನ ಗಿಡ ಅದ? ಬಾವಿ ಕಟ್ಟಿ ಅದ? ಯಾರು ಸಿಕ್ಕಿದ್ರು, ನನ್ನ ಕೇಳಿದ್ರು? ನಾನು ಹೇಳುತ್ತೇನೆ, ಅವರು ಕಣ್ಣರಳಿಸಿ ಕೇಳುತ್ತಾರೆ. ಆಗ ಬಸ್ಸಿನ ಹೆದರಿಕೆ ಸ್ವಲ್ಪ ಇಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ನರಿಯನ್ನು ಫೋನಿನಿಂದ ತೆಗೆಯೋಣವೆಂದರೆ ಈಗ ಅವರು ಫೋನು ಕೊಡಲೊಲ್ಲರು. ಬೆಳಿಗ್ಗೆ ನಾನು ಹೊರಡುವಾಗ ತಾವೇ ತಂದು ಅದರ ಮುಖ ತೋರಿಸುತ್ತಾರೆ. ಒಳ್ಳೆಯದಾಗುತ್ತದಂತೆ.

ಮೊನ್ನೆ ಹಾಗೆಯೇ ತೋರಿಸುತ್ತ, ಯಾವುದೋ ಸಾಮಾನ್ಯ ಮಾತಿನಂತೆ ಕೇಳಿದರು.

"ಇನ್ನೊಮ್ಮಿ ಬದಲಿ ಯಾವಾಗ ಬರ್ತದ ತಂಗಿ? ಬೇಮಳಖೇಡದಾಗ ನನ್ನ ಒಡಹುಟ್ಟಿದ ತಂಗಿ ಅದಾಳ, ಭಾಳ ದಿನಾ ಆತು ಸುದ್ದಿನೇ ಇಲ್ಲ."