ಟಕ್ವೆಲ್ ಸಾಹೇಬರ ಮೂಲಪುರುಷನನ್ನು ನಾನು ವಾಪಸ್ ಕಳಿಸಿದ್ದು

ಕಾಗದ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಬಹರೈನಿನಲ್ಲಿ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಅಸ್ಕರಿನ ಕಾರ್ಖಾನೆಗಳಿಗೆ ಪೈಪು, ಪಂಪು ಜೋಡಿಸಿ ಕೊಡುವ ಒಂದು ಕಂಟ್ರಾಕ್ಟ್ ಕಂಪೆನಿಯಲ್ಲಿ ನಾನು ಫೈಲುಗಳ ಉಸ್ತುವಾರಿ. ಯಾವ ವೆಲ್ಡರನ ಪಾಸ್‌ಪೋರ್ಟ್ ನಕಲು, ಯಾವ ಪಂಪಿನ ನಕ್ಷೆ, ಯಾರ ಮೂರು ವರ್ಷ ಹಿಂದಿನ ರಜಾ ಅರ್ಜಿ, ಏನು ಕೇಳಿದರೂ ಎರಡು ನಿಮಿಷ. ಕುವೈತ್ ಯುದ್ಧದ ಸಮಯದಲ್ಲಿ ಎಲ್ಲರೂ ಗ್ಯಾಸ್ ಮಾಸ್ಕ್ ಹುಡುಕುತ್ತಿದ್ದಾಗ ನಾನು ಗ್ಯಾಸ್ ಮಾಸ್ಕಿನ ರಸೀದಿಯನ್ನು ಕೂಡ ಫೈಲ್ ಮಾಡಿದವನು!

ಯುದ್ಧ ಮುಗಿದು ಒಂದೆರಡು ವರ್ಷವಾಗಿರಬಹುದು. ಒಂದು ಬೆಳಿಗ್ಗೆ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಟಕ್ವೆಲ್ ಸಾಹೇಬರು ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ನನ್ನ ಮೇಜಿನ ಮೇಲೆ ಧೊಪ್ಪೆಂದು ಇಟ್ಟರು.

"ಸುಧಾಕರ್, ಇದು ಆಫೀಸಿನ ಕೆಲಸವಲ್ಲ. ನನ್ನ ತಂದೆಗೆ ಮುಂದಿನ ತಿಂಗಳು ತೊಂಬತ್ತು ತುಂಬುತ್ತದೆ" ಎಂದರು.

ವಿಷಯ ಇಷ್ಟು. ಅವರ ಕುಟುಂಬದ ಮೊದಲ ವ್ಯಕ್ತಿ ಅಮೆರಿಕಕ್ಕೆ ತೀರ ಹಿಂದಿನ ಕಾಲದಲ್ಲಿ, ಕಾಡು ಕಡಿದು ಊರು ಕಟ್ಟಿದವರ ಜೊತೆ ಹಡಗಿನಲ್ಲಿ ಬಂದದ್ದೆಂದು ಮುದುಕರು ಜೀವಮಾನವಿಡೀ ಹೇಳಿಕೊಂಡು ಬಂದಿದ್ದರು. ಅಂಥವರ ವಂಶಸ್ಥರದ್ದೇ ಒಂದು ಸಂಘ ಅವರ ಊರಿನಲ್ಲಿತ್ತು. ಆದರೆ ತಲೆಮಾರಿನಿಂದ ತಲೆಮಾರಿಗೆ ಕಾಗದದ ಆಧಾರ ಕೊಡದೆ ಸಂಘದವರು ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಸಾಯುವ ಮೊದಲು ಆ ಸಂಘದ ಪತ್ರವನ್ನು ಕೈಯಲ್ಲಿ ಹಿಡಿಯಬೇಕೆಂಬುದು ಮುದುಕರ ಒಂದೇ ಆಸೆ. ಡೋರತಿ ಎಂಬ ಅವರ ಸಂಬಂಧಿಕಳು ಚರ್ಚಿನ ದಾಖಲೆ, ಜನಗಣತಿ, ಕೋರ್ಟಿನ ಕಾಗದ, ಸಮಾಧಿ ಕಲ್ಲಿನ ಫೋಟೋ ಎಲ್ಲವನ್ನೂ ರಾಶಿ ಹಾಕಿ, ವಿಂಗಡಿಸಲು ಕೂತು, ಸಾಕಾಗಿ, ರಾಶಿಯನ್ನೇ ಬಹರೈನಿಗೆ ಕಳಿಸಿಬಿಟ್ಟಿದ್ದಳು.

"ಮೊದಲ ವ್ಯಕ್ತಿಯಿಂದ ನನ್ನ ತಂದೆಯವರೆಗೆ ಸಾಲು ಜೋಡಿಸಬೇಕು. ಆಗುತ್ತದಾ?"

"ಸರ್, ಕುಟುಂಬದ ವಿಷಯ ನಮ್ಮ ರಕ್ತದಲ್ಲೇ ಉಂಟು. ಮೂರು ವಾರ ಸಾಕು" ಎಂದೆ. ಎರಡು ವಾರ ಎನ್ನಲು ಹೊರಟಿದ್ದೆ, ವಿನಯದಿಂದ ಮೂರು ಮಾಡಿದೆ.

ಪೆಟ್ಟಿಗೆಯನ್ನು ಅರಾದಿನ ನಮ್ಮ ಫ್ಲ್ಯಾಟಿಗೆ ತಂದೆ. ಹೆಂಡತಿ ಶಶಿಕಲಾ ಬಾಗಿಲಲ್ಲೇ ತಡೆದಳು.

"ಇದೆಂತದು ಮಾರಾಯ್ರೆ?"

"ಅಮೆರಿಕದ ಚರಿತ್ರೆ."

"ಅದಿರ್ಲಿ. ರಕ್ಷಾನ ಇಂಜೆಕ್ಷನ್ ಕಾರ್ಡ್ ನೀವು ಜೋಪಾನ ಮಾಡಿ ಇಟ್ಟದ್ದು ಎಲ್ಲುಂಟು? ಸ್ಕೂಲಲ್ಲಿ ಎರಡು ಸಲ ಕೇಳಿದ್ರು. ಅದನ್ನೊಮ್ಮೆ ಹುಡುಕಿ ಕೊಡಿ, ಮತ್ತೆ ಅಮೆರಿಕ ಮಾಡುವ."

ದೊಡ್ಡ ಕೆಲಸಕ್ಕೆ ಹೊರಟವನು ಮಗಳ ಇಂಜೆಕ್ಷನ್ ಕಾರ್ಡಿನಂಥ ಮಾತಿಗೆಲ್ಲ ಕಿವಿಗೊಡಬಾರದು. ಕೊಡಲಿಲ್ಲ.

ಇಲ್ಲಿ ನಮ್ಮ ಮನೆಯ ಪದ್ಧತಿ ಸ್ವಲ್ಪ ಹೇಳಬೇಕು. ನಮ್ಮದು ಅಳಿಯ ಸಂತಾನ. ಅಂದರೆ, ನಾನು ನನ್ನ ಅಮ್ಮನ ಕುಟುಂಬದವನು. ಅಮ್ಮ ಅವಳ ಅಮ್ಮನ ಕುಟುಂಬದವಳು. ಮನೆಯ ಯಜಮಾನ ಅಮ್ಮನ ಅಣ್ಣ. ಅವನ ನಂತರ ಅವನ ತಂಗಿಯ ಮಗ. ಅಪ್ಪ? ಅಪ್ಪನಿಗೆ ಮರ್ಯಾದೆ ಉಂಟು, ಮೀನಿನ ದೊಡ್ಡ ತುಂಡು ಉಂಟು. ಆದರೆ ಅಪ್ಪ ಅವನ ಅಮ್ಮನ ಕುಟುಂಬದವನು. ಇದು ನನಗೆ ಎಷ್ಟು ಸಹಜವೆಂದರೆ, ಲೋಕದಲ್ಲಿ ಬೇರೆ ರೀತಿಯಲ್ಲೂ ಜನ ವಂಶ ಲೆಕ್ಕ ಹಾಕುತ್ತಾರೆಂಬುದು ಆ ಮೂರು ವಾರದಲ್ಲಿ ಒಮ್ಮೆಯೂ ತಲೆಗೆ ಹೊಳೆಯಲಿಲ್ಲ. ಸುತ್ತಲೂ 'ಬಿನ್' ಇಂಥವರು, 'ಬಿನ್' ಅಂಥವರು ಎಂದು ಅಪ್ಪ-ಅಜ್ಜಂದಿರ ಹೆಸರು ಹೊತ್ತು ತಿರುಗುವವರ ದೇಶದಲ್ಲಿ ಕೂತುಕೊಂಡು!

ಸಾಹೇಬರ ತಂದೆಯಿಂದ ಶುರು ಮಾಡಿದೆ. ಅವರ ತಾಯಿ ಯಾರು? ಸಿಕ್ಕಿತು. ಆಕೆಯ ತಾಯಿ? ಅದೂ ಸಿಕ್ಕಿತು. ಹೀಗೆ ತಾಯಿಯ ಸಾಲು ಹಿಡಿದು ಮೇಲಕ್ಕೆ ಹತ್ತುತ್ತಾ ಹೋದೆ. ಶುಕ್ರವಾರ ಮಧ್ಯಾಹ್ನ ಇಡೀ ಅರಾದ್ ಉಂಡು ಮಲಗಿರುವಾಗ ನಾನು ಭೂತಗನ್ನಡಿ ಹಿಡಿದು ನೆಲದ ಮೇಲೆ ಕೂತಿರುತ್ತಿದ್ದೆ. ಪಕ್ಕದ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಯುವಾಗ ಕಿಟಕಿಯ ಜೊತೆ ಅಮೆರಿಕವೂ ಗಡಗಡ ಅಲುಗುತ್ತಿತ್ತು.

ನಿಜ ಹೇಳುತ್ತೇನೆ, ನನಗೆ ಹುಚ್ಚು ಹಿಡಿಯಿತು. ಏನೆಲ್ಲ ಹೆಸರುಗಳು! ಒಬ್ಬಳು ಪೇಶನ್ಸ್, ಒಬ್ಬಳು ಮರ್ಸಿ, ಮತ್ತೊಬ್ಬಳು ಥ್ಯಾಂಕ್‌ಫುಲ್. ಈ ಥ್ಯಾಂಕ್‌ಫುಲ್‌ಗೆ ಹನ್ನೊಂದು ಮಕ್ಕಳು, ಎರಡು ಗಂಡಂದಿರು, ಒಂದು ಹಸು. ಆಕೆ ಯಾವುದಕ್ಕಾಗಿ ಕೃತಜ್ಞಳಾಗಿದ್ದಳೋ ದಾಖಲೆಯಲ್ಲಿಲ್ಲ. ಹಸುವಿಗೇ ಇರಬೇಕು.

ಕೊನೆಗೆ ಎಲ್ಲರ ಮೇಲೆ ಸಿಕ್ಕಿದವಳು ಹಾನ್ನಾ. ಹದಿನೇಳರ ಹುಡುಗಿ, ಯಾರದೋ ಮನೆಗೆಲಸಕ್ಕೆಂದು ಹಡಗು ಹತ್ತಿ ಬಂದವಳು. ನಮ್ಮ ಹಾಗೆಯೇ, ಕೆಲಸದ ವೀಸಾ! ಮನೆತನದ ಹೆಸರಿನ ಜಾಗ ಖಾಲಿ. ಆದರೆ ಕೋರ್ಟಿನ ಕಾಗದಗಳಲ್ಲಿ ಆಕೆ ಮತ್ತೆ ಮತ್ತೆ ಬರುತ್ತಾಳೆ. ಚರ್ಚಿನಲ್ಲಿ ಪ್ರವಚನದ ನಡುವೆ ಗಟ್ಟಿಯಾಗಿ ನಕ್ಕದ್ದಕ್ಕೆ ದಂಡ. ಮರುವರ್ಷ ಮತ್ತೆ ನಕ್ಕದ್ದಕ್ಕೆ ಮತ್ತೆ ದಂಡ. ಯಾಕೆ ನಕ್ಕಳು? ಯಾವ ಕಾಗದದಲ್ಲೂ ಇಲ್ಲ. ಒಂದು ವಾರ ಆಫೀಸಿನಲ್ಲಿ ಪಂಪಿನ ನಕ್ಷೆ ಹುಡುಕುವಾಗಲೂ ನನಗೆ ಅದೇ ಯೋಚನೆ. ಕೊನೆಗೆ ತಡೆಯಲಾರದೆ ಶಶಿಕಲಾಳನ್ನೇ ಕೇಳಿದೆ.

"ಎದುರು ಕೂತವರ ಟೊಪ್ಪಿ ಬಿದ್ದಿರ್ಬೇಕು" ಎಂದು ಅವಳು ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತಾ ಹೇಳಿದಳು. "ಎರಡನೇ ಸಲ ಅದು ನೆಂಪಾಗಿ ನಗೆ ಬಂದದ್ದು."

ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಇನ್ನೊಂದು ಕಾಗದದಲ್ಲಿ ಹಾನ್ನಾಳ ಹಂದಿ ತನ್ನ ಜೋಳದ ಗದ್ದೆಗೆ ನುಗ್ಗಿತೆಂದು ಪಕ್ಕದ ಮನೆಯವನೊಬ್ಬ ದೂರು ಕೊಟ್ಟಿದ್ದ. ಹೆಸರು ಜೋನಾಸ್ ಟಕ್ವೆಲ್. ಟಕ್ವೆಲ್ ಎಂದು ಕಂಡಾಗ ಒಂದು ಕ್ಷಣ ನಿಂತೆ. ಆದರೆ ಬಹರೈನಿನಲ್ಲಿ ನನ್ನ ಹಾಗೆ ಎಷ್ಟು ಜನ ಶೆಟ್ಟರಿದ್ದಾರೆ, ಅವರೆಲ್ಲ ನನ್ನ ನೆಂಟರಾ? ಅವನನ್ನೂ, ಅವನ ಮಗ, ಮೊಮ್ಮಗ, ಮರಿಮಗ ಎಂದು ಸಾಲುಸಾಲಾಗಿ ಬಂದ ಅಷ್ಟೂ ಟಕ್ವೆಲ್ ಗಂಡಸರನ್ನೂ ವರ್ಷಾನುಸಾರ ಜೋಡಿಸಿ, ಟ್ಯಾಗ್ ಹಾಕಿ, ಬೇರೆಯೇ ಫೈಲು ಮಾಡಿದೆ. ಬೇಡದ ಕಾಗದವಾದರೇನು, ಶಿಸ್ತು ಶಿಸ್ತೇ! ಮೇಲೆ "ಕುಟುಂಬಕ್ಕೆ ಸಂಬಂಧಪಡದವರು, ವಂದನೆಗಳೊಂದಿಗೆ ವಾಪಸ್" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಡೋರತಿಗೆ ಕೊರಿಯರ್ ಮಾಡಿಬಿಟ್ಟೆ.

ನಂತರ ಚಾರ್ಟ್. ದೊಡ್ಡ ಹಾಳೆಯ ಮೇಲೆ ಹಸಿರು ಶಾಯಿಯಲ್ಲಿ ಮರ ಬರೆದೆ. ಮೇಲೆ ಹಾನ್ನಾ, ಆಕೆಯ ಹೆಸರಿನಡಿ ಚರ್ಚಿನಲ್ಲಿ ನಕ್ಕದ್ದಕ್ಕೆ ತೆತ್ತ ಎರಡೂ ದಂಡ, ಕೆಳಗೆ ಹೆಣ್ಣುಮಕ್ಕಳ ಸಾಲು, ಬದಿಯಲ್ಲಿ ಚುಕ್ಕಿ ಗೆರೆಯ ಒಂದು ಚೌಕ, ಅದಕ್ಕೆ "ಇತರರು" ಎಂಬ ಶೀರ್ಷಿಕೆ. ಗಂಡಂದಿರೆಲ್ಲ ಅದರೊಳಗೆ. ಕಟ್ಟು ಹಾಕಿಸಲು ಮನಾಮದ ಹಮೀದಣ್ಣನ ಅಂಗಡಿಗೆ ಕೊಂಡುಹೋದೆ. ಹಮೀದಣ್ಣ ಉಳ್ಳಾಲದವರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಸುಧಾಕರಣ್ಣ, ಇದ್ರಲ್ಲಿ ಗಂಡಸ್ರೇ ಇಲ್ವಲ್ಲ?"

"ಬದಿಯಲ್ಲಿ ಇದ್ದಾರಲ್ಲ ಹಮೀದಣ್ಣ."

"ಅದು ಸರಿ. ಆದ್ರೆ ಅಮೆರಿಕದವ್ರು ನಿಮ್ಮ ಹಾಗೆ ಅಮ್ಮನ ಕಡೆ ಲೆಕ್ಕವಾ, ಅಲ್ಲ ನಮ್ಮ ಹಾಗೆ ಅಪ್ಪನ ಕಡೆಯಾ? ಒಮ್ಮೆ ಕೇಳಿ ನೋಡಿ."

"ನೀವು ಗಾಜು ಹಾಕಿ" ಎಂದೆ. ಕೇಳಲಿಲ್ಲ. ಕೇಳಬೇಕಿತ್ತು!

ಸಾಹೇಬರು ತಂದೆಯ ಹುಟ್ಟುಹಬ್ಬಕ್ಕೆಂದು ಗುರುವಾರ ಅಮೆರಿಕಕ್ಕೆ ಹೊರಡುವವರು. ಬುಧವಾರ ಬೆಳಿಗ್ಗೆ ಅವರ ಕೋಣೆಯಲ್ಲಿ ಚಾರ್ಟನ್ನು ಅನಾವರಣಗೊಳಿಸಿದೆ. ಮುಚ್ಚಲು ಶಶಿಕಲಾಳ ಒಳ್ಳೆಯ ಮೇಜುಬಟ್ಟೆಯನ್ನೇ ತಂದಿದ್ದೆ. ಸಾಹೇಬರು ಮೊದಲು ಮುಗುಳ್ನಕ್ಕರು. ನಂತರ ಹತ್ತಿರ ಬಂದರು. ನಂತರ ಇನ್ನೂ ಹತ್ತಿರ ಬಂದರು.

"ನನ್ನ ಅಜ್ಜ ಎಲ್ಲಿ?"

"ಇಲ್ಲಿದ್ದಾರೆ ಸರ್" ಎಂದು ಚುಕ್ಕಿ ಚೌಕ ತೋರಿಸಿದೆ.

"ನಾನೆಲ್ಲಿ?"

"ನೀವೂ ಇಲ್ಲೇ ಸರ್, ಅಜ್ಜನ ಪಕ್ಕದಲ್ಲಿ."

"ನನ್ನ ಮಕ್ಕಳು?"

"ಸರ್, ಅವರು ಮೇಡಂ ಕುಟುಂಬದವರು" ಎಂದು ನಾನು ವಿನಯದಿಂದ ತಿದ್ದಿದೆ. "ನಿಮ್ಮ ತಂದೆಯ ನಂತರ ಯಜಮಾನರು ಅವರ ತಂಗಿಯ ಮಗ ಬ್ರಾಡ್. ನೋಡಿ, ಚಿನ್ನದ ಬಣ್ಣದಲ್ಲಿ ಬರೆದಿದ್ದೇನೆ."

ಬ್ರಾಡ್ ಎಂದರೆ ಮೂರು ಕಾರು ಗುದ್ದಿ, ನಾಲ್ಕನೆಯದಕ್ಕೆ ಮಾವನಿಂದ ಕೈಗಡ ಕೇಳುತ್ತಿದ್ದ ಮಹಾನುಭಾವ ಎಂದು ನನಗೆ ಆಮೇಲೆ ತಿಳಿಯಿತು.

ಸಾಹೇಬರು ಕುರ್ಚಿಯಲ್ಲಿ ಕೂತರು. "ಸುಧಾಕರ್, ಜೋನಾಸ್ ಟಕ್ವೆಲ್ ಎಂಬ ಹೆಸರು ಎಲ್ಲಿಯೂ ಸಿಗಲಿಲ್ಲವಾ?"

"ಸಿಕ್ಕಿತಲ್ಲ ಸರ್. ಹಂದಿಯ ಬಗ್ಗೆ ತಕರಾರು ಮಾಡಿದ ಆ ಕಿರಿಕಿರಿ ಮನುಷ್ಯ. ಅವನ ಫೈಲನ್ನು ಅಮೆರಿಕಕ್ಕೆ ವಾಪಸ್ ಕಳಿಸಿದೆ."

"ಅವನೇ ನಮ್ಮ ಮೂಲಪುರುಷ" ಎಂದರು ಸಾಹೇಬರು. ನನಗೆ ಒಂದೊಂದಾಗಿ ಎಲ್ಲ ಅರ್ಥವಾಗತೊಡಗಿತು. ಸಾಹೇಬರು ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಅಪ್ಪನಿಗೆ ಕೊಡಲು ಬೇರೇನೂ ಇರಲಿಲ್ಲವಾದ್ದರಿಂದ ಆ ಕಟ್ಟನ್ನೇ ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದರು. ಶಶಿಕಲಾಳ ಮೇಜುಬಟ್ಟೆಯೂ ಅದರ ಜೊತೆಗೇ ಹೋಯಿತು.

ಮುಂದಿನ ಮೂರು ವಾರ ನನಗೆ ಊಟ ಸೇರಲಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆ ಒಂದು ಕಡೆ ಇರಲಿ, ತೊಂಬತ್ತು ವರ್ಷದ ಮುದುಕರೊಬ್ಬರು ಹುಟ್ಟುಹಬ್ಬದ ದಿನ ಟೊಪ್ಪಿ ಹಾಕಿ, ಮಗ ತರುವ ಕಾಗದಕ್ಕೆ ಕಾದು ಕೂತ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ಅವರನ್ನು ನಾನು ನೋಡಿಯೇ ಇರಲಿಲ್ಲ. ಆದರೂ ತುಂಬ ಬೇಸರವಾಯಿತು.

ಸಾಹೇಬರು ರಜೆ ಮುಗಿಸಿ ಬಂದ ದಿನ ಕರೆಸಿದರು. ರಾಜೀನಾಮೆ ಪತ್ರದ ಮಾದರಿ ಯಾವ ಫೈಲಿನಲ್ಲಿದೆ ಎಂದು ನೆನಪು ಮಾಡಿಕೊಳ್ಳುತ್ತಾ ಹೋದೆ.

"ನಿನ್ನ ಕೊರಿಯರ್ ನನಗಿಂತ ಎರಡು ದಿನ ಮೊದಲೇ ಮುಟ್ಟಿತ್ತು" ಎಂದರು. "ಜೋನಾಸ್‌ನಿಂದ ನನ್ನ ಅಜ್ಜನವರೆಗೆ ಎಲ್ಲರೂ ಸಾಲಾಗಿ, ಟ್ಯಾಗ್ ಸಮೇತ. ಡೋರತಿ ಅರ್ಧ ಗಂಟೆಯಲ್ಲಿ ಅರ್ಜಿ ತುಂಬಿದಳು. ಸಂಘದ ಕಾರ್ಯದರ್ಶಿ ಅದೇ ಊರಿನವನು. ಹುಟ್ಟುಹಬ್ಬದ ದಿನ ಅವನೇ ಬಂದು ಅಪ್ಪನ ಕೈಗೆ ಪತ್ರ ಕೊಟ್ಟ."

ಅಂದರೆ, ನನ್ನ ಜೀವನದ ಅತ್ಯುತ್ತಮ ಕೆಲಸ ನಾನು ಬೇಡವೆಂದು ಎಸೆದದ್ದು!

"ಮತ್ತೆ ನನ್ನ ಚಾರ್ಟ್ ಸರ್?"

"ಅಪ್ಪ ಊಟದ ಮೇಜಿನ ಎದುರು ತೂಗುಹಾಕಿದ್ದಾರೆ. ಸಂಘದ ಪತ್ರ ಡ್ರಾಯರಿನಲ್ಲಿದೆ. ಬಂದವರಿಗೆಲ್ಲ ಚರ್ಚಿನಲ್ಲಿ ನಕ್ಕ ಅಜ್ಜಿಯ ಕಥೆಯೇ. ನಿನಗೊಂದು ಪ್ರಶ್ನೆ ಕಳಿಸಿದ್ದಾರೆ: ನಿನ್ನ ಕುಟುಂಬದ ಮೊದಲ ವ್ಯಕ್ತಿ ಯಾರು?"

ಎದೆ ಉಬ್ಬಿಸಿ ಶುರು ಮಾಡಿದೆ. ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ... ಅಲ್ಲಿಗೆ ಗಾಡಿ ನಿಂತಿತು. ಅಪ್ಪನ ಕಡೆ ತಿರುಗಿದೆ. ಅಜ್ಜನ ಹೆಸರಿನಲ್ಲೇ ಸಿಕ್ಕಿಬಿದ್ದೆ. "ನಾಳೆ ಹೇಳುತ್ತೇನೆ ಸರ್" ಎಂದು ಹೊರಬಂದೆ.

ಮನೆಯಲ್ಲಿ ರಕ್ಷಾ ನೆಲದ ಮೇಲೆ ದೊಡ್ಡ ಹಾಳೆ ಹರಡಿ ಬಣ್ಣ ಹಚ್ಚುತ್ತಿದ್ದಳು. ಎಂಟು ವರ್ಷ, ಮೂರನೇ ಕ್ಲಾಸು. "ಸ್ಕೂಲ್ ಪ್ರಾಜೆಕ್ಟ್ ಪಪ್ಪಾ. ಮೈ ಫ್ಯಾಮಿಲಿ."

ಹಸಿರು ಮರ. ಮೇಲೆ ಶಶಿಕಲಾಳ ಅಜ್ಜಿ, ಕೆಳಗೆ ಅಮ್ಮ, ಅದರ ಕೆಳಗೆ ಶಶಿಕಲಾ. ನಡುವೆ ಚಿನ್ನದ ಬಣ್ಣದಲ್ಲಿ, ಮೀಸೆ ಸಮೇತ, ಶಶಿಕಲಾಳ ಅಣ್ಣ, ನನ್ನ ಭಾವ ಜಗನ್ನಾಥ. ಒಮ್ಮೆ ಬಹರೈನಿಗೆ ಬಂದಾಗ ನನ್ನ ಶೇವಿಂಗ್ ಸೆಟ್ ಕೊಂಡುಹೋದ ಅದೇ ಜಗನ್ನಾಥ, ಯಜಮಾನ!

"ನಾನೆಲ್ಲಿ ಮಗಾ?"

ಅವಳು ಮೂಲೆಯ ಚುಕ್ಕಿ ಚೌಕಕ್ಕೆ ಪೆನ್ಸಿಲ್ ಇಟ್ಟಳು. ಇತರರು. ಒಳಗೆ ಮೂರು ಹೆಸರು: ಹಮೀದ್ ಅಂಕಲ್, ಕೆಳಗಿನ ಫ್ಲ್ಯಾಟಿನ ಬೆಕ್ಕು, ಪಪ್ಪಾ.

"ಅವತ್ತು ನೀವು ಬರೆದ ಚಾರ್ಟನ್ನೇ ನೆಂಪಿಟ್ಟು ಮಾಡಿದ್ದು" ಎಂದಳು ಶಶಿಕಲಾ ಅಡುಗೆಮನೆಯಿಂದ. "ಇನ್ನು ಆ ಇಂಜೆಕ್ಷನ್ ಕಾರ್ಡ್ ಒಂದು ಸಿಕ್ಕಿದ್ರೆ ಸಾಕು."

ಫೈಲುಗಳ ಉಸ್ತುವಾರಿಯಾಗಿ ಚಾರ್ಟನ್ನು ಮೇಲಿಂದ ಕೆಳಗಿನವರೆಗೆ ಪರಿಶೀಲಿಸಿದೆ. ಒಂದೇ ಒಂದು ತಪ್ಪಿರಲಿಲ್ಲ. ಆದ್ದರಿಂದ ತಿದ್ದುಪಡಿ ಕೇಳಲಿಲ್ಲ. ನನ್ನ ಹೆಸರನ್ನು ಬೆಕ್ಕಿಗಿಂತ ಮೇಲೆ ಬರೆಯಲು ಆಗುತ್ತದಾ ಎಂದಷ್ಟೇ ವಿನಂತಿಸಿಕೊಂಡೆ.

"ನೋಡುವ" ಎಂದಳು ಮಗಳು.