ನಿಯಮಕ್ಕೊಬ್ಬ ಕೋಚ್

ನಾನು ಕೆಲಸ ಕೇಳಿಕೊಂಡು ಹೋದ ಕಡೆಯಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ನನ್ನ ಹೆಂಡತಿ ಈಗ "ಕೆಲಸ ಸಿಕ್ತಾ?" ಅಂತ ಕೇಳುವುದನ್ನು ಬಿಟ್ಟು, "ಇವತ್ತೇನಾಯ್ತು, ಹೇಳಿ" ಎಂದೇ ಬಾಗಿಲು ತೆಗೆಯುತ್ತಾಳೆ.

ಬೆಂಗಳೂರಿನ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷ ಪಿ.ಟಿ. ಮೇಷ್ಟ್ರಾಗಿ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಟ್ಟವನು ನಾನು. ಹೆಂಡತಿಯ ಕಂಪನಿ ಅವಳನ್ನು ಡಲ್ಲಾಸ್‌ಗೆ ಕಳಿಸಿತು. ನಾನೂ ಮಗಳೂ ಜೊತೆಗೆ ಬಂದೆವು. ಅದರ ಪಕ್ಕದ ಊರು ಯೂಲೆಸ್‌ನಲ್ಲಿ ಮನೆ ಮಾಡಿದೆವು. ವರ್ಕ್ ಪರ್ಮಿಟ್ ಕೈಗೆ ಬಂದ ದಿನದಿಂದಲೇ ಅರ್ಜಿ ಹಾಕತೊಡಗಿದೆ.

ಇಲ್ಲಿನ ಕೆಲವು ಕ್ಲಬ್‌ಗಳು, ಶಾಲೆಗಳು ಒಂದು ನಿಯಮ ಇಟ್ಟುಕೊಂಡಿವೆ. ಕೋಚ್ ನೇಮಿಸುವ ಮುಂಚೆ ಅಲ್ಪಸಂಖ್ಯಾತರಲ್ಲಿ, ಎಂದರೆ ಬಿಳಿಯರಲ್ಲದವರಲ್ಲಿ, ಒಬ್ಬರನ್ನಾದರೂ ಇಂಟರ್‌ವ್ಯೂಗೆ ಕರೆಯಬೇಕು. ಕೆಲಸ ಕೊಡಲೇಬೇಕೆಂದಿಲ್ಲ, ಕರೆದರೆ ಸಾಕು. ಆ ನಿಯಮ ಮಾಡಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಅವರ ಹೊಟ್ಟೆ ತಣ್ಣಗಿರಲಿ. ಅದಿಲ್ಲದಿದ್ದರೆ ನನ್ನ ಹೆಸರನ್ನು ಕೊನೆಯ ಅಕ್ಷರದವರೆಗೂ ಓದುವ ತಾಳ್ಮೆ ಇಲ್ಲಿ ಯಾರಿಗೂ ಇರುತ್ತಿರಲಿಲ್ಲ.

ನನ್ನ ಅಪರಾಧ

ಮೊದಲ ಕರೆ ಬಂದದ್ದು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ಒಂದು ಶಾಲೆಯಿಂದ. ನಮ್ಮ ಫುಟ್‌ಬಾಲ್‌ಗೆ ಇಲ್ಲಿಯವರು ಸಾಕರ್ ಅನ್ನುತ್ತಾರೆ, ಅವರ ಫುಟ್‌ಬಾಲ್ ಎಂದರೆ ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಭ್ಯಾಸಬಲದಿಂದ ಅರ್ಜಿಯಲ್ಲಿ "ಫುಟ್‌ಬಾಲ್ ಕೋಚ್, ಹದಿನಾಲ್ಕು ವರ್ಷ" ಎಂದೇ ಬರೆದಿದ್ದೆ.

ನಾಲ್ಕು ಗಂಟೆ ಡ್ರೈವ್ ಮಾಡಿ ಹೋದೆ. ಆನೆಯಂಥ ಭುಜದ ವಯಸ್ಸಾದ ಹೆಡ್ ಕೋಚ್ ಒಬ್ಬರು ಕೈ ಕುಲುಕಿ, ಕೂರಿಸಿ, ಮೊದಲ ಪ್ರಶ್ನೆ ಕೇಳಿದರು. "ನಿಮ್ಮದು ಎಂಥ ಅಫೆನ್ಸ್?"

ಅವರ ಆಟದಲ್ಲಿ ದಾಳಿ ಮಾಡುವ ಕ್ರಮಕ್ಕೆ ಅಫೆನ್ಸ್ ಅನ್ನುತ್ತಾರಂತೆ. ನನಗೆ ಗೊತ್ತಿದ್ದದ್ದು ಪೊಲೀಸ್ ಸ್ಟೇಷನ್ನಿನ ಅಫೆನ್ಸ್ ಒಂದೇ.

"ಯಾವುದೂ ಇಲ್ಲ ಸರ್" ಅಂದೆ.

"ಒಂದೂ ಇಲ್ಲವೇ? ಹದಿನಾಲ್ಕು ವರ್ಷದಲ್ಲಿ?"

"ಇಲ್ಲ ಸರ್. ನಮ್ಮ ಮನೆತನದಲ್ಲೇ ಯಾರದೂ ಇಲ್ಲ." ಬೆಂಗಳೂರಿನ ಪೊಲೀಸರು ಕೊಟ್ಟ ಸರ್ಟಿಫಿಕೇಟ್ ತೆಗೆದು ಮೇಜಿನ ಮೇಲಿಟ್ಟೆ.

ಅವರು ಅದನ್ನು ಪೂರ್ತಿ ಓದಿದರು. ಆಮೇಲೆ ಕಪಾಟಿನಿಂದ ಮೊಟ್ಟೆ ಚೆಂಡು ತಂದು ನನ್ನ ಕೈಗಿಟ್ಟು, "ಇದನ್ನು ಮೊದಲು ನೋಡಿದ್ದೀರಾ?" ಅಂತ ಕೇಳಿದರು. ನಾನು ನಿಜ ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ, ಊಟಕ್ಕೆ ಕರೆದುಕೊಂಡು ಹೋಗಿ, ಸಂಜೆ ಅವರ ಹುಡುಗರ ಪಂದ್ಯವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ನಾನು ಹೊರಡುವಾಗ ಬೆನ್ನು ತಟ್ಟಿ, "ನಾನು ಇಂಟರ್‌ವ್ಯೂ ಮಾಡಿದವರಲ್ಲಿ ದಾಖಲೆ ಸಮೇತ ಅಫೆನ್ಸ್ ಇಲ್ಲ ಅಂತ ಸಾಬೀತು ಮಾಡಿದವರು ನೀವೊಬ್ಬರೇ" ಅಂದರು.

ಲೋಕಲ್ ಹುಡುಗ

ಎರಡನೆಯದು ಆಸ್ಟಿನ್‌ನಲ್ಲಿ. ದ ಡೊಮೇನ್ ಎಂಬ ದೊಡ್ಡ ಮಾಲ್ ಪಕ್ಕದ ಒಂದು ಆಫೀಸಿನಲ್ಲಿ ಮಕ್ಕಳ ಕ್ಲಬ್ಬಿನ ಮ್ಯಾನೇಜರ್ ಹೆಂಗಸು ಒಬ್ಬರು ಕೂತಿದ್ದರು. ಎದುರಿಗೆ ಒಂದು ಫಾರ್ಮ್. ಈ ಸಲ ಸಾಕರ್ ಎಂದು ಫೋನಿನಲ್ಲಿ ಮೂರು ಸಲ ಕೇಳಿ ಖಚಿತ ಮಾಡಿಕೊಂಡೇ ಹೋಗಿದ್ದೆ.

"ನೀವು ಆಟ ಕಲಿತದ್ದು ಎಲ್ಲಿ?"

"ಆಸ್ಟಿನ್ ಟೌನ್‌ನಲ್ಲಿ."

ಆಸ್ಟಿನ್ ಟೌನ್ ಎಂದರೆ ಬೆಂಗಳೂರಿನಲ್ಲಿ ಫುಟ್‌ಬಾಲ್ ಹುಚ್ಚಿನ ಬಡಾವಣೆ. ಆಕೆಯ ಮುಖ ಅರಳಿತು. "ನಾನೂ ಇಲ್ಲೇ ಹುಟ್ಟಿ ಬೆಳೆದವಳು. ಊರು ಎಷ್ಟು ಬದಲಾಗಿ ಹೋಯಿತು, ಅಲ್ಲವೇ?"

"ಹೌದು ಮೇಡಂ, ಗುರುತೇ ಸಿಗುವುದಿಲ್ಲ."

"ಟ್ರಾಫಿಕ್ಕೋ?"

"ಅದನ್ನು ಕೇಳಲೇಬೇಡಿ."

"ಮನೆ ಬಾಡಿಗೆ?"

"ನಮ್ಮಂಥವರಿಗೆ ಆಗುವ ಮಾತಲ್ಲ."

ಹೀಗೆ ಇಪ್ಪತ್ತು ನಿಮಿಷ ಊರಿನ ಕಷ್ಟಸುಖ ಮಾತಾಡಿದೆವು. ಇಬ್ಬರ ಮಾತೂ ಒಂದಕ್ಕೊಂದು ಅಷ್ಟು ಸರಿಯಾಗಿ ಹೊಂದಿತು. ಕೊನೆಗೆ ಆಕೆ ಫಾರ್ಮ್ ತುಂಬಿ, "ನಿಮ್ಮ ಜೊತೆ ಮಾತಾಡಿ ತುಂಬಾ ಖುಷಿಯಾಯಿತು. ಲೋಕಲ್‌ನವರು ಈಗ ಸಿಗುವುದೇ ಅಪರೂಪ. ಇನ್ನು ನಾನು ಯಾರಾದರೂ ಅಲ್ಪಸಂಖ್ಯಾತರನ್ನು ಹುಡುಕಿ ಇಂಟರ್‌ವ್ಯೂ ಮಾಡಬೇಕು" ಎಂದರು.

ಜಾಕೆಟ್

ಡಲ್ಲಾಸ್‌ನ ಕ್ಲಬ್ ಒಂದರಲ್ಲಿ ಕಾಯುತ್ತಾ ಕೂತಿದ್ದಾಗ ಪಕ್ಕದಲ್ಲಿ ಘಾನಾ ದೇಶದವರೊಬ್ಬರು ಬಂದು ಕೂತರು. ಅವರದೂ ಕೋಚ್ ಕೆಲಸಕ್ಕೇ ಅರ್ಜಿ.

"ತಪ್ಪು ತಿಳಿಯಬೇಡಿ" ಅಂದರು ಅವರು. "ನಿಯಮಕ್ಕೆ ಅಂತ ಕರೆದಿರುವುದು ನಿಮ್ಮನ್ನಾ?"

"ನಿಮ್ಮನ್ನು ಅಂದುಕೊಂಡು ನಾನು ಸಮಾಧಾನದಿಂದ ಇದ್ದೆ" ಅಂದೆ.

ಅಷ್ಟರಲ್ಲಿ ಮೂರನೆಯ ಅಭ್ಯರ್ಥಿ ಬಂದ, ಅರ್ಧ ಗಂಟೆ ತಡವಾಗಿ. ರಿಸೆಪ್ಷನಿನ ಹುಡುಗಿ ಎದ್ದು ನಿಂತು, "ಸರ್, ನಿಮ್ಮ ಹೆಸರು ಹೊಲಿದ ಕೋಚ್ ಜಾಕೆಟ್ ಬಂದಿದೆ. ಇಂಟರ್‌ವ್ಯೂ ಮುಗಿಸಿಕೊಂಡು ಬಂದು ಹಾಕಿ ನೋಡಿ" ಎಂದಳು.

ನನ್ನ ಮುಖ ಜೋಲುಬಿತ್ತು. ಘಾನಾದವರು ಮಾತ್ರ ಅಲ್ಲೇ ಕೂತು, ಯೂಲೆಸ್‌ನಲ್ಲಿ ಹೊಸದೊಂದು ಕ್ಲಬ್ ಕೋಚ್ ಹುಡುಕುತ್ತಿದೆ ಎಂದು ಹೇಳಿ ಅದರ ನಂಬರನ್ನೂ ಬರೆದುಕೊಟ್ಟರು. ತಮಗೂ ಕೆಲಸವಿಲ್ಲದಿದ್ದಾಗ ಇನ್ನೊಬ್ಬನಿಗೆ ದಾರಿ ತೋರಿಸುವವರು ಎಷ್ಟು ಜನ ಇರುತ್ತಾರೆ? ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಅಳತೆಯ ಜಾಕೆಟ್ ಇವರ ಹತ್ತಿರ ಇರಲಿಲ್ಲ, ಅಷ್ಟೆ" ಅಂದರು.

ನೀವು ಹೆಂಗ ಮೈನಾರಿಟಿ?

ಯೂಲೆಸ್‌ನ ಆ ಕ್ಲಬ್ಬಿನ ಕಮಿಟಿಯಲ್ಲಿ ಆರು ಜನ. ಆರೂ ಜನ ನಮ್ಮವರೇ, ಮಕ್ಕಳನ್ನು ಆಟಕ್ಕೆ ಸೇರಿಸಿದ ಅಪ್ಪಂದಿರು. ಅಧ್ಯಕ್ಷರು ಹುಬ್ಬಳ್ಳಿಯ ಅಂಕಲ್ ಒಬ್ಬರು, ಇಲ್ಲಿ ಸ್ವಂತ ವ್ಯಾಪಾರ ಮಾಡಿಕೊಂಡವರು. ಅವರ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು, ಮೈದಾನದಲ್ಲಿ ಒಂದು ಗಂಟೆ ಮಕ್ಕಳ ಕೈಲಿ ಆಟ ಆಡಿಸಿ ತೋರಿಸಿದೆ. ಮುಗಿದ ಮೇಲೆ ಅಂಕಲ್ ಹತ್ತಿರ ಬಂದರು.

"ನೋಡ್ರಿ, ನಿಮಗ ಕೊಡಬೇಕಂತ ಎಲ್ಲಾರಿಗೂ ಮನಸೈತಿ. ಆದ್ರ ಒಂದ್ ತೊಡಕೈತ್ರಿ. ಮೈನಾರಿಟಿ ಒಬ್ಬರ್ನ ಇಂಟರ್‌ವ್ಯೂ ಮಾಡಬೇಕಂತ ಲೀಗ್‌ನವರ ನಿಯಮ."

"ಅದು ನಾನೇ ಅಲ್ವಾ ಅಂಕಲ್?"

"ನೀವು ಹೆಂಗ ಮೈನಾರಿಟಿ ಆಗ್ತೀರಿ? ಕಮಿಟಿಯೊಳಗ ನಾವ. ಅರ್ಜಿ ಹಾಕಿದ ಐದೂ ಮಂದಿ ನಾವ. ಇಲ್ಲಿ ನಮ್ಮನ್ನ ಬಿಟ್ಟು ಯಾರರ ಬರಬೇಕಲ್ರಿ."

ಲೀಗಿನವರು ಇದನ್ನು ಒಪ್ಪುತ್ತಾರೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. ಎರಡು ವಾರ ಹುಡುಕಿ ಒಬ್ಬ ಬಿಳಿಯ ಟೆಕ್ಸಾಸ್‌ನವರನ್ನು ಕರೆತಂದರು. ಆರಡಿ ಎತ್ತರ, ಅಗಲ ಟೋಪಿ, ಬೂಟು. ಆ ದಿನ ನನ್ನನ್ನೂ ಬರಹೇಳಿದ್ದರು. ಆ ಮನುಷ್ಯ ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತಾ ಕೂತಿದ್ದರು. "ನಿಜ ಹೇಳಿ, ನನ್ನನ್ನು ಸುಮ್ಮನೆ ಕರೆದಿದ್ದಾರಾ?" ಅಂತ ಮೆಲ್ಲಗೆ ಕೇಳಿದರು.

ಆ ಕುರ್ಚಿಯಲ್ಲಿ ಕೂತವನ ಸಂಕಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೌದು ಎನ್ನಲು ಬಾಯಿ ಬರಲಿಲ್ಲ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, ಕಮಿಟಿಯವರು ನನ್ನನ್ನು ಏನೇನು ಕೇಳಿದ್ದರೋ ಎಲ್ಲ ಹೇಳಿದೆ. ಅವರು ಒಳಗೆ ಹೋದ ಮೇಲೆ, ಹೇಳಬಾರದಿತ್ತೇನೋ ಅನ್ನಿಸಿತು. ಒಂದು ಗಂಟೆ ಬಿಟ್ಟು ಅಂಕಲ್ ಹೊರಗೆ ಬಂದು, "ಭಾಳ ಚಲೋ ಮನಷ್ಯಾ ಅದಾನ್ರಿ" ಅಂದಾಗ ನನ್ನ ಕೆಲಸ ಹೋಯಿತು ಅಂದುಕೊಂಡು ಫ್ಲಾಸ್ಕಿನ ಮುಚ್ಚಳ ಹಾಕಿದೆ.

ಕೊನೆಗೆ ನಾನು ಹೆಡ್ ಕೋಚ್ ಆದೆ, ಆ ಟೋಪಿಯವರನ್ನು ನನ್ನ ಜೊತೆಗೆ ಅಸಿಸ್ಟೆಂಟ್ ಆಗಿ ತೆಗೆದುಕೊಂಡರು. ಅಂಥ ಜೊತೆಗಾರ ಸಿಕ್ಕಿದ್ದು ನನ್ನ ಭಾಗ್ಯ ಅಂತ ಈಗಲೂ ಅಂದುಕೊಳ್ಳುತ್ತೇನೆ. ಮೊದಲ ದಿನದ ಪ್ರಾಕ್ಟೀಸ್ ಮುಗಿಸಿ ಮೈದಾನದಲ್ಲಿ ಗುರುತಿಗಿಟ್ಟ ಕೋನ್‌ಗಳನ್ನು ಎತ್ತಿಡುವಾಗ, ಅಷ್ಟು ಹೊತ್ತು ಒಳಗೆ ಏನು ಕೇಳಿದರು ಅಂತ ವಿಚಾರಿಸಿದೆ.

"ಆಟದ ಬಗ್ಗೆ ಹತ್ತು ನಿಮಿಷ" ಅಂದರು ಅವರು. "ಆಮೇಲೆ ಮಗ ಏನು ಓದುತ್ತಿದ್ದಾನೆ ಅಂತ ಕೇಳಿದರು. ಕಾಲೇಜು ಬಿಟ್ಟು ಬ್ಯಾಂಡ್‌ನಲ್ಲಿ ಡ್ರಮ್ಸ್ ಬಾರಿಸುತ್ತಾನೆ ಅಂದೆ. ಉಳಿದಷ್ಟು ಹೊತ್ತೂ ಆರು ಜನ ಸೇರಿ ನನಗೆ ಸಮಾಧಾನ ಹೇಳಿದರು."